ಇನ್ನೂ ಬೀಳುತ್ತಿರುವ ನೀರು

ಮಳೆಗಾಲದ ನಡುವೆ ಉಂಚಳ್ಳಿಗೆ ಹೋದವರಿಗೆ ಜಲಪಾತ ಕಾಣದೇ ಹೋಗುವುದೂ ಉಂಟು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣಿ ದಾಟಿ, ಕಾಲಿಗೆ ಹತ್ತಿದ ಉಂಬಳಗಳನ್ನು ಕಿತ್ತೆಸೆಯುತ್ತ ಕಾಡುದಾರಿಯಲ್ಲಿ ನಡೆದು ನೋಡುವ ಕಟ್ಟೆಗೆ ಬಂದರೆ ಎದುರಿಗೆ ಬರೀ ಬಿಳಿ ಮಂಜು. ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುವ ಸದ್ದು ಮಾತ್ರ ನೇರ ಎದೆಗೇ ಬಂದು ಬಡಿಯುತ್ತದೆ. ಪಕ್ಕದವರು ತುಟಿ ಆಡಿಸುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಊರವರು ಇದಕ್ಕೆ ಕೆಪ್ಪಜೋಗ ಎಂದದ್ದು ಸುಮ್ಮನೆ ಅಲ್ಲ. ಕಾಯುತ್ತ ನಿಂತರೆ ಯಾವುದೋ ಗಳಿಗೆಯಲ್ಲಿ ಗಾಳಿ ತಿರುಗಿ ಮಂಜು ಹರಿಯುತ್ತದೆ. ಅರ್ಧ ಕಣಿವೆ, ಒಂದು ತುಂಡು ಬಂಡೆ, ಅದರ ಮೇಲೆ ಕೆಂಪು ಬೆರೆತ ಬಿಳಿ ನೀರು. ಫೋನು ತೆಗೆಯುವುದರೊಳಗೆ ಎಲ್ಲವೂ ಮತ್ತೆ ಮುಚ್ಚಿಕೊಂಡಿರುತ್ತದೆ. ರಜೆಯಲ್ಲಿ ನಾನು ನೋಡಿದ ಎಷ್ಟೋ ಜಾಗಗಳು ಫೋಟೋದಲ್ಲಿ ಪೂರ್ತಿ ಸಿಕ್ಕಿವೆ, ಮನಸ್ಸಿನಲ್ಲಿ ಅಷ್ಟಾಗಿ ಉಳಿದಿಲ್ಲ. ಉಂಚಳ್ಳಿ ಫೋಟೋಕ್ಕೆ ಸಿಗಲಿಲ್ಲ. ಆದರೂ ಅದರಷ್ಟು ಚೆನ್ನಾಗಿ ನಾನು ನೋಡಿದ್ದು ಬೇರೆ ಯಾವುದೂ ಇಲ್ಲ.

1845ರಲ್ಲಿ ಜೆ. ಡಿ. ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಈ ಜಲಪಾತವನ್ನು ಕಂಡುಹಿಡಿದನೆಂದು ಬರೆಯುವ ರೂಢಿಯಿದೆ. ಲಷಿಂಗ್ಟನ್ ಫಾಲ್ಸ್ ಎಂಬ ಹೆಸರೂ ಅಂಟಿಕೊಂಡಿತು. ಈ ಸದ್ದಿನ ಮಗ್ಗುಲಲ್ಲೇ ಮಲಗಿ ಎದ್ದ ತಲೆಮಾರುಗಳಿಗೆ ಅದನ್ನು ಯಾರೂ ಹುಡುಕಿಕೊಡಬೇಕಾಗಿರಲಿಲ್ಲ.

ಬೆರಗಾದಾಗ ಮನಸ್ಸು ಮೊದಲು ಕೇಳುವುದು ಇದು ಹೇಗಾಯಿತು ಎಂದು. ಬಂಡೆ ಹೇಗೆ ಸೀಳಿತು, ನೀರು ಎಷ್ಟು ಕಾಲದಿಂದ ಬೀಳುತ್ತಿದೆ? ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಸುತ್ತುತ್ತ ಸುತ್ತುತ್ತ ನನ್ನಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿತು: ಇದು ಹೇಗೆ ಉಳಿಯಿತು? ಈಗ ನನಗೆ ಮೊದಲನೆಯದಕ್ಕಿಂತ ಇದೇ ದೊಡ್ಡ ಬೆರಗು.

ಅಘನಾಶಿನಿ ಶಿರಸಿ ಪೇಟೆಯ ಮಗ್ಗುಲಿನ ಶಂಕರಹೊಂಡದಂಥ ಸಣ್ಣ ಜಾಗದಲ್ಲಿ ಹುಟ್ಟಿ, ಸುಮಾರು 124 ಕಿಲೋಮೀಟರ್ ಹರಿದು, ಕುಮಟಾದ ಬಳಿ ಕಡಲು ಸೇರುತ್ತದೆ. ಇಷ್ಟುದ್ದದ ದಾರಿಯಲ್ಲಿ ಎಲ್ಲಿಯೂ ಅದನ್ನು ಅಡ್ಡಗಟ್ಟಿ ನಿಲ್ಲಿಸಿದ ದೊಡ್ಡ ಅಣೆಕಟ್ಟಿಲ್ಲ. ಅದೇ ಸಿದ್ದಾಪುರ ತಾಲ್ಲೂಕಿನ ತೆಂಕಣ ಅಂಚಿನಲ್ಲಿ, ಒಂದು ಕಾಲಕ್ಕೆ ಮುಂಬಯಿ ಪ್ರಾಂತ್ಯದ ಸಾಹೇಬರು ಇಳಿದುಕೊಳ್ಳುತ್ತಿದ್ದ ಬಾಂಬೆ ಬಂಗಲೆಯ ಕಡೆಯಿಂದ ಜೋಗ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 253 ಮೀಟರ್ ಬಂಡೆ ಅಲ್ಲಾಡದೆ ನಿಂತಿದೆ. ಆದರೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿ ಎಷ್ಟು ಬೀಳಬೇಕೆನ್ನುವುದು ಮಳೆಯ ಜೊತೆಗೆ ಗೇಟಿನ ಮಾತೂ ಆಯಿತು. ಬೇಸಿಗೆಯಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಎಳೆಗಳಾಗಿ ಇಳಿಯುತ್ತವೆ. ಆ ನೀರಿನಿಂದ ನಾಡಿನ ಎಷ್ಟೋ ಮನೆಗಳಲ್ಲಿ ದೀಪ ಹೊತ್ತಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಳುಗಿದ ಊರುಗಳನ್ನೂ ಹಗುರವಾಗಿ ಕಾಣಲಾರೆ.

ಹೊನ್ನಾವರದ ದಾರಿ ಹಿಡಿದು ಮಾವಿನಗುಂಡಿ ದಾಟಿದರೆ ಕತ್ತಲೆಕಾನು. ಹೆದ್ದಾರಿಯಲ್ಲಿ ಹೋಗುವ ಬಹಳ ಜನ ಇಲ್ಲಿ ನಿಲ್ಲುವುದಿಲ್ಲ. ನಿಂತರೂ ಫಕ್ಕನೆ ಕಣ್ಣಿಗೆ ಬೀಳುವಂಥದ್ದು ಇಲ್ಲ. ಬಲ್ಲವರೊಬ್ಬರು ಕರೆದುಕೊಂಡು ಹೋಗಿ ಹಳ್ಳದ ಪಕ್ಕದ ಜೌಗಿನಲ್ಲಿ ನಿಲ್ಲಿಸಿದರು. ಅಲ್ಲಿ ರಾಮಪತ್ರೆ ಬಳಗದ ಮರಗಳು. ಬೇರು ಕೆಸರಿನಿಂದ ಮೇಲೆದ್ದು, ಮಡಚಿದ ಮಂಡಿಯ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಒಂದಲ್ಲ, ನೆಲದ ತುಂಬ ಮಂಡಿಗಳು. ನೀರು ನಿಂತ ಮಣ್ಣಿನಲ್ಲಿ ಉಸಿರು ಸಾಲದು, ಅದಕ್ಕೆ ಬೇರು ಗಾಳಿ ಹುಡುಕಿಕೊಂಡು ಹೊರಗೆ ಬರುತ್ತದೆ. ಒಂದು ಬೇರಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು, ತೊಗಟೆಯ ಮೇಲೆ ಸಣ್ಣ ಸಣ್ಣ ಉಬ್ಬು, ಅದರ ಸಂದಿನಲ್ಲಿ ಉಗುರಿಗಿಂತ ಚಿಕ್ಕ ಕಪ್ಪೆ. ಮೇಲೆ ಎಲ್ಲೋ ಸಿಂಗಳೀಕಗಳ ಕೂಗು. ಇಂಥ ಜೌಗುಕಾಡು ಪಶ್ಚಿಮಘಟ್ಟದಲ್ಲಿ ಈಗ ಚೂರುಪಾರು ಮಾತ್ರ ಉಳಿದಿದೆ. ಗೇರಿನ ಬಳಗದ ಒಂದು ಮರವನ್ನು ವಿಜ್ಞಾನಿಗಳು 2000ದ ಇಸವಿಯಲ್ಲಿ ಇಲ್ಲಿಂದ ಹೊಸದೆಂದು ಗುರುತಿಸಿ, ಅದರ ಶಾಸ್ತ್ರೀಯ ಹೆಸರಿನಲ್ಲಿ ಕತ್ತಲೆಕಾನಿನ ಹೆಸರನ್ನೇ ಸೇರಿಸಿದರು. ಲಾರಿಗಳು ಹಗಲೂ ರಾತ್ರಿ ಓಡಾಡುವ ರಸ್ತೆಯ ಪಕ್ಕದಲ್ಲಿ, ಶತಮಾನಗಳ ಕಾಲ, ಲೆಕ್ಕಕ್ಕೆ ಸಿಗದೆ ನಿಂತಿದ್ದ ಮರ! 2011ರಲ್ಲಿ ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಕಾಡು ಒಂದು ಮಟ್ಟಿಗೆ ಗೆದ್ದಿತು ಎನ್ನಬೇಕು.

ಹಾಗೆ ಗೆಲ್ಲಿಸಿದವರು ಯಾರು ಎಂದು ಹುಡುಕುತ್ತ ಹೋದರೆ ಶಿರಸಿಯ ಬಳಿಯ ಸಾಲ್ಕಣಿಗೆ ಬರಬೇಕು. 1983ರ ಸೆಪ್ಟೆಂಬರ್ 8ರಂದು ಅಲ್ಲಿಯ ಯುವಕರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹೀಗೆ. ಹಿಮಾಲಯದ ಚಿಪ್ಕೋ ಅವರಿಗೆ ಗೊತ್ತಿತ್ತು, ಸುಂದರಲಾಲ್ ಬಹುಗುಣ ಈ ಕಡೆ ಬಂದು ಹೋಗಿದ್ದರು. ಆದರೆ ಕಾರಣ ಇಲ್ಲಿಯದೇ: ಮಿಶ್ರಕಾಡು ಕಡಿದು ಸಾಗವಾನಿ ನೆಟ್ಟ ಮೇಲೆ ಒರತೆ ಬತ್ತಿತ್ತು, ತೋಟಕ್ಕೆ ಸೊಪ್ಪಿಲ್ಲ, ಜೇನಿಲ್ಲ. ಮಳೆಯಲ್ಲಿ, ಉಂಬಳ ಕಚ್ಚಿಸಿಕೊಳ್ಳುತ್ತ, 38 ದಿನ ಅವರು ಬಿಡಲಿಲ್ಲ. ಕಡಿಯುವುದು ನಿಂತಿತು. ಪಾಂಡುರಂಗ ಹೆಗಡೆಯವರಂಥವರು ಚಳವಳಿಯನ್ನು ಊರಿಂದೂರಿಗೆ ಕೊಂಡೊಯ್ದರು. ಹೋಂಸ್ಟೇಯ ಜಗುಲಿಯಲ್ಲಿ ಕೂತು ನಾವು ಹಸಿರು ಎಂದು ಹಿಗ್ಗುವಾಗ ಆ 38 ದಿನಗಳ ನೆನಪು ನಮಗೆ ಇರುವುದಿಲ್ಲ. ಇರಬೇಕು ಅನ್ನಿಸುತ್ತದೆ.

ಶಿರಸಿಯ ಇನ್ನೊಂದು ಬೆರಗು ಕಾಡಿನದಲ್ಲ, ಪೇಟೆಯದು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ರಥವೇರಿ ಬಿಡ್ಕಿಬೈಲಿಗೆ ಬರುತ್ತಾಳೆ. ಏಳಡಿ ಎತ್ತರದ ಮರದ ಮೂರ್ತಿ, ಕೆಂಪು ಮುಖ, ಅಗಲ ಕಣ್ಣು. ಆ ಒಂಬತ್ತು ದಿನ ಊರಿಗೆ ರಾತ್ರಿಯೆಂಬುದೇ ಇಲ್ಲ. ಹಾವೇರಿ, ಧಾರವಾಡದ ಕಡೆಯ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು, ಉಡಿ ತುಂಬಿ, ತೊಟ್ಟಿಲು ಹತ್ತಿ, ನಾಟಕ ನೋಡಿ, ಬಳೆ ಇಟ್ಟುಕೊಂಡು, ಬೆಳಗಿನ ಜಾವದ ಬಸ್ಸು ಹಿಡಿಯುತ್ತಾರೆ. ಜಾತ್ರೆಗೆ ಮುಂಚೆ ಆ ಮೂರ್ತಿಯ ಅಂಗಾಂಗ ಬಿಡಿಸಿ, ಹೊಸದಾಗಿ ಬಣ್ಣ ಹಚ್ಚಿ, ಮತ್ತೆ ಜೋಡಿಸುತ್ತಾರೆಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. ಜಾತ್ರೆ ಮುಗಿದ ಮೇಲೆ ಚಪ್ಪರಕ್ಕೆ ಬೆಂಕಿ, ದೇವಿಗೆ ಮರೆ, ಯುಗಾದಿಗೆ ಮತ್ತೆ ಗುಡಿಯಲ್ಲಿ ಪ್ರತಿಷ್ಠೆ. ದೇವರನ್ನು ಬಿಡಿಸಿ ಮತ್ತೆ ಕಟ್ಟುವ ಧೈರ್ಯ ಇರುವ ಊರು ತನ್ನ ಪದ್ಧತಿಯನ್ನೂ ಒಮ್ಮೆ ಬಿಡಿಸಿ ನೋಡಿತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ದಿನಗಳಲ್ಲಿ ಇಲ್ಲಿ ಕೋಣನ ಬಲಿ ನಿಂತಿತು. ಬಲಿ ಹೋಯಿತು, ಜಾತ್ರೆ ಉಳಿಯಿತು. ಉಳಿಸಿಕೊಳ್ಳುವುದೆಂದರೆ ಇದ್ದದ್ದೆಲ್ಲವನ್ನೂ ಇದ್ದಂತೆ ಬಿಗಿಹಿಡಿಯುವುದಲ್ಲ ಎನ್ನುವುದಕ್ಕೆ ಬಿಡ್ಕಿಬೈಲಿನ ಗದ್ದಲದಲ್ಲಿ ನಿಂತು ಸಿಕ್ಕ ಸಾಕ್ಷಿ ನನಗೆ ಸಾಕು.

ಜಾತ್ರೆಯಿಲ್ಲದ ವರ್ಷ ಹೋಳಿಗೆ ಬೇಡರ ವೇಷ. ನವಿಲುಗರಿ ಬೆನ್ನಿಗೆ ಕಟ್ಟಿ, ಕತ್ತಿ ಗುರಾಣಿ ಹಿಡಿದ ಬೇಡ ನಡುರಾತ್ರಿ ತಮಟೆಗೆ ಎಗರುತ್ತಾನೆ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಎಳೆದು ಹಿಡಿದಿರುತ್ತಾರೆ. ಅವನು ಮುನ್ನುಗ್ಗಿದಾಗ ಮುಂದಿನ ಸಾಲಿನ ಮಕ್ಕಳು ಕಿರುಚಿ ಹಿಂದೆ ಸರಿದು, ಕೂಡಲೇ ಮತ್ತೆ ಮುಂದೆ ಬರುತ್ತಾರೆ. ಹೆದರಿಕೆಗೂ ಖುಷಿಗೂ ಆ ಮುಖಗಳಲ್ಲಿ ಗೆರೆಯೇ ಇಲ್ಲ.

ಸೋಂದೆಯ ಹತ್ತಿರದ ಸಹಸ್ರಲಿಂಗಕ್ಕೆ ಬೇಸಿಗೆಯಲ್ಲಿ ಹೋಗಬೇಕು. ಶಾಲ್ಮಲೆಯ ನೀರು ಇಳಿದಾಗ ಹೊಳೆಯ ಬಂಡೆಬಂಡೆಯ ಮೇಲೂ ಲಿಂಗ, ಎದುರಿಗೊಂದು ಬಸವ. ಮಳೆಗಾಲಕ್ಕೆ ಅಷ್ಟೂ ಮುಳುಗುತ್ತವೆ. ಕೆತ್ತಿಸಿದ ಸೋಂದೆಯ ಅರಸರಿಗೆ ಅದು ಗೊತ್ತಿಲ್ಲದೆ ಇರಲಿಕ್ಕಿಲ್ಲ. ಪೂಜೆಯ ಅರ್ಧ ಪಾಲನ್ನು ಹೊಳೆಗೇ ಬಿಟ್ಟಿದ್ದರು ಎಂದುಕೊಳ್ಳುವುದು ನನಗಿಷ್ಟ.

ಯಲ್ಲಾಪುರದ ಮಾಗೋಡಿಗೆ ನಾವು ಧಾರವಾಡದವರು ಮಳೆ ಬಿಟ್ಟ ಮೇಲೆ, ದಸರೆ ರಜೆಯಲ್ಲಿ ಹೋಗುವುದು. ಬೇಡ್ತಿ ಅಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ಸಂಜೆ ಜೇನುಕಲ್ಲು ಗುಡ್ಡಕ್ಕೆ ಹೋದರೆ ಅದೇ ಹೊಳೆ ಕಣಿವೆಯ ತಳದಲ್ಲಿ ಸುತ್ತಿ ಸುತ್ತಿ ಹೋಗುವುದು ಕಾಣುತ್ತದೆ. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಕಾಡೇ. ಈ ಕಣಿವೆಗೆ ಒಂದು ಜಲವಿದ್ಯುತ್ ಯೋಜನೆ ಬರುವುದಿತ್ತು, ಬಂದಿದ್ದರೆ ನಾನು ನೋಡುತ್ತಿದ್ದುದು ಬೇರೆಯೇ ಆಗಿರುತ್ತಿತ್ತು ಎನ್ನುವುದು ನನಗೆ ತಿಳಿದದ್ದು ಮಂಚಿಕೇರಿಯ ಕಡೆಯ ಒಂದು ಮನೆಯಲ್ಲಿ.

ಒಳಗೆ ಕಾಲಿಟ್ಟೊಡನೆ "ಆಸರಿಗೆ ಏನು ಕೊಡಲಿ?" ಎಂದು ಕೇಳಿ, ಬೆಲ್ಲ, ನೀರು, ಆಮೇಲೆ ಮಜ್ಜಿಗೆ ತಂದಿಟ್ಟ ಹಿರಿಯರು ಅಡಕೆ ತೋಟದವರು. ಬೇಡ್ತಿಯ ಮಾತು ತೆಗೆದೆ.

"ಮುಳುಗೋದು ನಮ್ಮ ತೋಟ, ಬೆಟ್ಟ. ಎಷ್ಟು ಮುಳುಗ್ತದೆ, ಎಷ್ಟು ಸಿಗ್ತದೆ, ಲೆಕ್ಕ ತೋರಿಸಿ ಅಂದ್ವಿ. ಅಡಕೆ ಬೆಳೆಯೋರಿಗೆ ಲೆಕ್ಕ ಬರ್ತದಲ್ಲ."

ಮಾತು ಅಷ್ಟೇ, ಕೆಲಸ ದೊಡ್ಡದಿತ್ತು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, 1923ರಲ್ಲಿ ಅಡಕೆ ಮಾರಲೆಂದು ಕಟ್ಟಿಕೊಂಡ ಸಹಕಾರ ಸಂಘ, ಈ ಯೋಜನೆಯ ಲಾಭ ನಷ್ಟವನ್ನು ತಜ್ಞರ ಮುಂದೆ ಇಡಲು ನಿಂತಿತು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ರೈತರು ಒಟ್ಟಿಗೆ ಕೂತು ಚರ್ಚಿಸಿದರು. ಅದು ‘ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್’ ಎಂಬ ಪುಸ್ತಕವೂ ಆಯಿತು. ಯೋಜನೆ ಕೈಬಿಟ್ಟುಹೋಯಿತು. ಮಾಗೋಡಿನಲ್ಲಿ ನಾವು ಕಟಕಟೆ ಹಿಡಿದು ನೋಡುವ ನೀರಿನ ಹಿಂದೆ ಒಂದು ಜಮಾ ಖರ್ಚಿನ ಪುಸ್ತಕವಿದೆ ಎನ್ನುವುದು ಆ ನೀರಿನ ಚೆಲುವನ್ನು ಒಂದಿಷ್ಟೂ ಕುಗ್ಗಿಸುವುದಿಲ್ಲ. ನನ್ನ ಮಟ್ಟಿಗೆ ಅದು ಹೆಚ್ಚೇ ಆಯಿತು.

ಈಗ ಬೇಡ್ತಿಯನ್ನು ವರದೆಗೆ ತಿರುಗಿಸುವ ಮಾತು ಎದ್ದಿದೆ. ಸ್ವರ್ಣವಲ್ಲಿ ಮಠದ ಸ್ವಾಮಿಗಳು ಮುಂದೆ ನಿಂತಿದ್ದಾರೆ, ಊರೂರಲ್ಲಿ ಜನ ಸೇರುತ್ತಿದ್ದಾರೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ನಾನು ಆ ಕಡೆಯವನೇ. ಆದರೂ ಜೇನುಕಲ್ಲು ಗುಡ್ಡದ ಮೇಲೆ ನಿಂತು ಬಂದವನಿಗೆ ಮಂಚಿಕೇರಿಯವರ ಪ್ರಶ್ನೆಯೇ ಮತ್ತೆ ಬಾಯಿಗೆ ಬರುತ್ತದೆ. ಲೆಕ್ಕ ತೋರಿಸಿ.

ಹೊರಡುವಾಗ ಹಿರಿಯರು ಕೈಚೀಲ ಹಿಡಿದು ನಮ್ಮ ಜೊತೆಗೇ ಕಾರು ಹತ್ತಿದರು. ಸಂಜೆ ಶಿರಸಿಯಲ್ಲಿ ನದಿ ತಿರುವಿನ ಬಗ್ಗೆ ಒಂದು ಸಭೆಯಿತ್ತು. ದಾರಿಯಲ್ಲಿ ಮಗಳು ಕೇಳಿದಳು:

"ಅಜ್ಜಾರ, ಮಾಗೋಡಿನ ನೀರು ಎಲ್ಲಿಂದ ಬರ್ತದ್ರೀ?"

"ನಿಮ್ಮೂರಿಂದಲೇ. ಧಾರವಾಡದಲ್ಲಿ ಸೋಮೇಶ್ವರ ಗುಡಿ ಇದೆಯಲ್ಲ, ಅಲ್ಲಿಂದ."

ಅವಳು ಎರಡೂ ಸೀಟಿನ ನಡುವೆ ತಲೆ ತೂರಿಸಿ, ಮೊದಲು ನನ್ನ ಮುಖ, ಆಮೇಲೆ ಅವರ ಮುಖ ನೋಡಿದಳು. "ಖರೇನ? ನಾವು ಸೋಮವಾರ ಹೋಗ್ತೀವಲ್ಲ, ಆ ಗುಡಿಯಿಂದೇನ?"