ಪರ್ವತಕ್ಕೆ ಹೋಗುವುದೆಂದರೆ

ಯುಗಾದಿಗೆ ಇನ್ನೂ ಎರಡು ಮೂರು ವಾರ ಇರುವಾಗಲೇ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ಊರುಗಳಿಂದ ಜನ ‘ಪರ್ವತ’ಕ್ಕೆ ಹೊರಡುತ್ತಾರೆ. ಶ್ರೀಶೈಲ ಎನ್ನುವುದು ಪುಸ್ತಕದ ಹೆಸರು. ನಡೆಯುವವರ ಬಾಯಲ್ಲಿ ಅದು ಪರ್ವತ, ಅಲ್ಲಿ ಕೂತವನು ಮಲ್ಲಯ್ಯ. ಹೆಗಲ ಮೇಲೆ ಕಂಬಿ ಹೊತ್ತವರಿರುತ್ತಾರೆ, ಮರಗಾಲು ಕಟ್ಟಿಕೊಂಡು ನಡೆಯುವವರೂ ಇರುತ್ತಾರೆ. ಆತ್ಮಕೂರು ದಾಟಿದ ಮೇಲೆ ಡಾಂಬರು ರಸ್ತೆ ಬಿಟ್ಟು ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ ಹಾದು ಕೈಲಾಸದ್ವಾರಕ್ಕೆ ಏರುತ್ತಾರೆ. ಇವರಲ್ಲಿ ಬಹಳಷ್ಟು ಮಂದಿಯ ಕೊರಳಲ್ಲಿ ಇಷ್ಟಲಿಂಗವಿದೆ. ಬೇಕೆಂದಾಗ ಅಂಗೈ ಮೇಲೆ ಇಟ್ಟುಕೊಳ್ಳಬಹುದಾದ ದೇವರನ್ನು ಎದೆಗೆ ಕಟ್ಟಿಕೊಂಡವರು, ಇನ್ನೊಂದು ಲಿಂಗ ನೋಡಲು ಬೊಕ್ಕೆ ಎದ್ದ ಕಾಲಲ್ಲಿ ನೂರಾರು ಕಿಲೋಮೀಟರು ಯಾಕೆ ನಡೆಯಬೇಕು? ಇಷ್ಟಲಿಂಗ ಸಾಲದೆ? ಸಾಲುವುದಾದರೆ ಈ ನಡಿಗೆ ಯಾತಕ್ಕೆ? ಓದಿದವರು ಇದನ್ನು ಹಳ್ಳಿಗರ ಗೊಂದಲವೆಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಆದರೆ ಗೊಂದಲ ಎನ್ನುವುದೇ ಆದರೆ ಅದು ಶುರುವಾದದ್ದು ಹಳ್ಳಿಗರಿಂದಲ್ಲ, ಹನ್ನೆರಡನೆಯ ಶತಮಾನದ ದೊಡ್ಡವರಿಂದಲೇ.

ಉಳ್ಳವನು ಕಟ್ಟಿಸುವ ಗುಡಿಗಿಂತ ಬಡವನ ಮೈ ಮೇಲು ಎಂದು ಸಾರಿದ ಬಸವಣ್ಣ ತನ್ನ ವಚನಗಳ ಕೊನೆಗೆ ಹಾಕಿದ್ದು ಒಂದು ಊರಿನ ದೇವರ ಹೆಸರನ್ನು. ಕೂಡಲಸಂಗಮ ಕಲ್ಪನೆಯ ತಾಣವಲ್ಲ, ಕೃಷ್ಣೆಗೆ ಮಲಪ್ರಭೆ ಸೇರುವ ಜಾಗ. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ಸಿದ್ಧರಾಮನ ಕಪಿಲಸಿದ್ಧ ಮಲ್ಲಿಕಾರ್ಜುನ ಇಬ್ಬರ ಮೂಲವೂ ಇದೇ ಪರ್ವತ. ಆದಯ್ಯನದು ಸೌರಾಷ್ಟ್ರ ಸೋಮೇಶ್ವರ. ಅಂಕಿತವೆಂದರೆ ಬರೀ ರುಜು, ಅದಕ್ಕೆ ಇಷ್ಟು ಅರ್ಥ ಹಚ್ಚಬೇಕಿಲ್ಲ ಎನ್ನುವವರಿದ್ದಾರೆ. ರುಜುವೇ ಇರಲಿ. ರುಜುವಿಗೆ ಊರಿನ ದೇವರೇ ಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲವಲ್ಲ! ಅಲ್ಲಮನ ಗುಹೇಶ್ವರನಿಗೆ ಇಂಥದ್ದೇ ಊರು ಎಂದಿಲ್ಲ. ಅಂಬಿಗರ ಚೌಡಯ್ಯ ಯಾವ ದೇವರ ಗೊಡವೆಯೂ ಬೇಡವೆಂದು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಹೀಗೆ ಆಯ್ಕೆಗೆ ಅವಕಾಶವಿದ್ದ ಕಾಲದಲ್ಲಿ, ಅರಮನೆ ಬಿಟ್ಟವಳು, ಗಂಡನನ್ನು ಬಿಟ್ಟವಳು, ಉಟ್ಟ ಬಟ್ಟೆಯನ್ನೂ ಬಿಟ್ಟವಳು ಒಂದು ಬೆಟ್ಟದ ದೇವರ ಹೆಸರನ್ನು ಮಾತ್ರ ಬಿಡಲಿಲ್ಲ. ಹಾಗಾದರೆ ಸ್ಥಾವರವನ್ನು ಒಲ್ಲೆನೆಂದ ಈ ಜನಕ್ಕೆ ಜಾಗ ಬೇಡವಾಗಿರಲಿಲ್ಲ. ಜಾಗದ ಮೇಲೆ ಯಾರೋ ಹೂಡುವ ಒಡೆತನ ಬೇಡವಾಗಿತ್ತು. ಕ್ಷೇತ್ರದ ಪಾವಿತ್ರ್ಯ ಅಲ್ಲಿಗೆ ಹೋಗುವುದರಲ್ಲಿದೆ, ಅದನ್ನು ಇಟ್ಟುಕೊಳ್ಳುವುದರಲ್ಲಿಲ್ಲ ಎಂಬುದೇ ನನ್ನ ವಾದ.

ಶ್ರೀಶೈಲದ ನೆಲವೇ ಇದಕ್ಕೆ ಮೊದಲ ಸಾಕ್ಷಿ. ಮಹಾಬಲೇಶ್ವರದಲ್ಲಿ ಹುಟ್ಟಿ, ಬಯಲುಸೀಮೆಯುದ್ದಕ್ಕೂ ಹರಡಿ ಬಂದ ಕೃಷ್ಣೆ ಭೀಮೆಯನ್ನೂ ತುಂಗಭದ್ರೆಯನ್ನೂ ಕೂಡಿಕೊಂಡ ಮೇಲೆ ನಲ್ಲಮಲ ಬೆಟ್ಟಗಳನ್ನು ಕೊರೆದು ಕಮರಿಗೆ ಇಳಿಯುತ್ತಾಳೆ. ಊರು ಮೇಲೆ, ಹೊಳೆ ಪಾತಾಳದಲ್ಲಿ. ಅದಕ್ಕೇ ಇಲ್ಲಿ ಅವಳ ಹೆಸರು ಪಾತಾಳಗಂಗೆ. ಎರಡೂ ದಡದ ಗೋಡೆಗಳು ಹಾಸುಗಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಪದರು ಪದರಾಗಿವೆ. ಉಳಿಗೂ ಬಗ್ಗದ ಕ್ವಾರ್ಟ್‌ಜೈಟ್ ಕಲ್ಲು, ನೂರು ಕೋಟಿ ವರ್ಷಕ್ಕೂ ಹಳೆಯದು. ಈ ಕಮರಿಯನ್ನು ಯಾರೂ ಕಟ್ಟಲಿಲ್ಲ. ನೀರು ನಡೆದೂ ನಡೆದೂ ಕಲ್ಲು ಇಲ್ಲವಾದ ಜಾಗಕ್ಕೆ ನಾವು ಕಮರಿ ಎನ್ನುತ್ತೇವೆ. ಬಯಲು ಎಂಬ ಮಾತನ್ನು ವಚನಕಾರರು ಯಾವ ಅರ್ಥದಲ್ಲಿ ಬಳಸಿದರೋ ಅದನ್ನು ಕಣ್ಣಿಗೆ ತೋರಿಸಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವಿಜಯನಗರದ ಅರಸ ಎರಡನೆಯ ಹರಿಹರನ ರಾಣಿ ವಿಠಲಾಂಬೆ 1393ರಲ್ಲಿ ಹೊಳೆಗೆ ಮೆಟ್ಟಿಲು ಕಟ್ಟಿಸಿದಳು. ಈಗ ರೋಪ್‌ವೇ ಇದೆ, ಆದರೂ ಮೆಟ್ಟಿಲು ಇಳಿಯುವವರೇನೂ ಕಡಿಮೆಯಾಗಿಲ್ಲ. ಇಳಿಯುವಾಗ ಮಾತು, ನಗು. ಮಿಂದು ಒದ್ದೆ ಬಟ್ಟೆಯ ಗಂಟು ಹಿಡಿದು ಏರುವಾಗ ಮೊಣಕಾಲ ಮೇಲೆ ಕೈ, ಹತ್ತು ಮೆಟ್ಟಿಲಿಗೊಮ್ಮೆ ಉಸ್ಸೆಂದು ಕೂರುವುದು. ಊರಿನ ಬದುಕೂ ಬಂದುಹೋಗುವವರ ಮೇಲೇ ನಿಂತದ್ದು. ಜಾತಿಗೊಂದು ಛತ್ರ, ವಿಭೂತಿ ರುದ್ರಾಕ್ಷಿಯ ಅಂಗಡಿಸಾಲು, ಯುಗಾದಿ ಬಂತೆಂದರೆ ಅಂಗಡಿಯವರ ಬಾಯಲ್ಲಿ ತೆಲುಗು ಬೆರೆತ ಕನ್ನಡ. ಹುಲಿ ಕಾಡಾದ್ದರಿಂದ ರಾತ್ರಿ ಒಂಬತ್ತಕ್ಕೆ ರಸ್ತೆಯ ಗೇಟು ಬಿತ್ತೆಂದರೆ ಬೆಳಗಿನವರೆಗೆ ಹೊರಗಿನವರು ಹೊರಗೆ, ಒಳಗಿನವರು ಒಳಗೆ. ಮೇಲೆ ಕ್ಷೇತ್ರದಲ್ಲಿ ಮದ್ಯ ಮಾಂಸಕ್ಕೆ ನಿಷೇಧವಿದೆ. ಕೆಳಗೆ ಅಣೆಕಟ್ಟಿನ ಬುಡದ ಲಿಂಗಾಲಗಟ್ಟಿನಲ್ಲಿ ಅದೇ ಪಾತಾಳಗಂಗೆಯ ಮೀನು ಎಣ್ಣೆಯಲ್ಲಿ ಚುರುಗುಟ್ಟುತ್ತಿರುತ್ತದೆ. ಹೊಳೆಯೇನೂ ತಕರಾರು ಮಾಡಿದಂತಿಲ್ಲ.

ಎರಡನೆಯ ಸಾಕ್ಷಿ ಸಿದ್ಧರಾಮನ ಕತೆ. ಶ್ರೀಶೈಲ ಒಂದು ಕಾಲಕ್ಕೆ ‘ಕೊನೆ’ಯ ಊರಾಗಿತ್ತು. ಭವಭೂತಿಯ ಕಾಲಕ್ಕಾಗಲೇ ಶ್ರೀಪರ್ವತವೆಂದರೆ ಕಾಪಾಲಿಕರ ನೆಲೆ. ರೆಡ್ಡಿ ದೊರೆ ಅನವೇಮ 1377ರಲ್ಲಿ ಇಲ್ಲಿ ವೀರಶಿರೋಮಂಟಪ ಕಟ್ಟಿಸಿದ. ಭಕ್ತಿಯ ಆವೇಶದಲ್ಲಿ ತಲೆಯನ್ನೇ ಕೊಯ್ದು ಒಪ್ಪಿಸುವವರಿಗಾಗಿ ಇದ್ದ ಮಂಟಪ ಅದು. ಹೋದವನು ಮರಳಬಾರದು, ಅಲ್ಲೇ ಮುಗಿಯಬೇಕು ಎಂಬ ನಂಬಿಕೆಯ ನೆಲ ಇದು. ರಾಘವಾಂಕನ ಕಾವ್ಯದ ಸಿದ್ಧರಾಮನೂ ಹಾಗೇ ಹೊರಟ ಹುಡುಗ. ಸೊನ್ನಲಿಗೆಯ ದನಗಾಹಿ, ಮಲ್ಲಯ್ಯನನ್ನು ಹುಡುಕುತ್ತ ಪರ್ವತಕ್ಕೆ ಬಂದು, ಕೂಗಿ ಕರೆದರೂ ಅವನು ಸಿಗದೆ, ಕಮರಿಗೆ ಹಾರಲು ನಿಂತ. ದೇವರು ಬಂದು ಹಿಡಿದುಕೊಂಡ. ಅಲ್ಲಿಗೆ ಕತೆ ಮುಗಿದಿದ್ದರೆ ಅದು ಎಲ್ಲ ಕ್ಷೇತ್ರಗಳಲ್ಲೂ ಸಿಗುವ ಪವಾಡ. ಆದರೆ ದೇವರು ಅವನನ್ನು ಬೆಟ್ಟದಲ್ಲಿ ಇರಗೊಡಲಿಲ್ಲ. ನಿನ್ನೂರಿಗೆ ಹೋಗು, ಅದನ್ನೇ ಶ್ರೀಶೈಲ ಮಾಡು ಎಂದು ತಿರುಗಿ ಕಳಿಸಿದ. ಸೊನ್ನಲಿಗೆ ಅಭಿನವ ಶ್ರೀಶೈಲವಾಯಿತು, ಹುಡುಗ ದೊಡ್ಡವನಾಗಿ ಕೆರೆ ತೋಡಿಸಿದ. ಅಲ್ಲಿ ಲಿಂಗಗಳನ್ನೂ ಸಾಲಾಗಿ ನಿಲ್ಲಿಸಿದ, ಅದಕ್ಕಾಗಿ ಶೂನ್ಯಸಂಪಾದನೆಯ ಅಲ್ಲಮನಿಂದ ಚೆನ್ನಾಗಿ ಮಾತು ಕೇಳಿದ ಎಂಬುದು ಬೇರೆ ವಿಷಯ. ಇಲ್ಲಿ ಮುಖ್ಯವಾದದ್ದು, ಕಮರಿಯ ಅಂಚು ಕೊನೆಯಾಗದೆ ತಿರುವಾದದ್ದು. ಹೋಗದಿದ್ದರೆ ಸಿದ್ಧರಾಮನಿಲ್ಲ, ಅಲ್ಲೇ ಉಳಿದಿದ್ದರೂ ಸಿದ್ಧರಾಮನಿಲ್ಲ.

ಅಕ್ಕ ಮತ್ತು ಅಲ್ಲಮ ಮರಳಲಿಲ್ಲವಲ್ಲ, ಇಬ್ಬರೂ ಇಲ್ಲಿಯ ಕದಳಿಯಲ್ಲೇ ಐಕ್ಯರಾದರು ಎಂದು ಪರಂಪರೆ ಹೇಳುತ್ತದಲ್ಲ ಎಂದು ಕೇಳಬಹುದು. ಇತಿಹಾಸ ಬಲ್ಲವರ ಆಕ್ಷೇಪ ಇನ್ನೂ ಹರಿತ: ಈ ಕತೆಗಳೆಲ್ಲ ಆಮೇಲಿನವು, ಶ್ರೀಶೈಲದಲ್ಲಿ ಪೀಠವಿತ್ತು, ಮಠಗಳಿದ್ದವು, ಹೆಸರಾಂತ ಶರಣರನ್ನು ತಮ್ಮ ಅಂಗಳಕ್ಕೆ ತಂದುಕೊಳ್ಳುವುದು ಅವಕ್ಕೆ ಲಾಭದ ಬಾಬತ್ತು. ಇದನ್ನು ಪೂರ್ತಿ ಅಲ್ಲಗಳೆಯಲಾಗದು. ಆದರೆ ಕಾಲದ ವಿಷಯದಲ್ಲಿ ಒಂದು ಮಾತಿದೆ. ಅಕ್ಕನ ಕತೆಯನ್ನು ಮೊದಲಿಗೆ ವಿಸ್ತಾರವಾಗಿ ಹೇಳಿದ ಕವಿ ಹರಿಹರನ ರಗಳೆಯಲ್ಲಿ ಶರಣರು ಕೂಡಿದ ಕಲ್ಯಾಣವೇ ಇಲ್ಲ, ಶ್ರೀಶೈಲ ಇದೆ. ಕಲ್ಯಾಣ ಸೇರಿಕೊಂಡದ್ದು ಆಮೇಲೆ. ಇನ್ನೊಂದು, ಮಠದ ಲೆಕ್ಕಾಚಾರದಿಂದಲೇ ಕತೆ ಹುಟ್ಟಿದ್ದರೆ ಅದು ಒಂದು ಗದ್ದುಗೆಯಲ್ಲಿ ಮುಗಿಯಬೇಕಿತ್ತು. ಕಾಯಿ ಒಡೆಯಲು ಒಂದು ಕಲ್ಲಾದರೂ ಬೇಕಲ್ಲ! ಕತೆ ಕೊಡುವುದು ಬಾಳೆಯ ತೋಪನ್ನು. ಗೊನೆ ಕೊಟ್ಟ ಗಿಡ ಸಾಯುವ, ಪಕ್ಕದಲ್ಲಿ ಮರಿ ಏಳುವ ತೋಪನ್ನು. ಅಲ್ಲಿ ಗುರುತು ಹಾಕುವುದಾದರೂ ಯಾವುದಕ್ಕೆ? ಈಗ ಅಕ್ಕಮಹಾದೇವಿ ಗುಹೆ ಎಂದು ಕರೆಸಿಕೊಳ್ಳುವ ಜಾಗಕ್ಕೆ ಪಾತಾಳಗಂಗೆಯಿಂದ ದೋಣಿಯಲ್ಲಿ ಹೋಗಬೇಕು. ಮುಂದೆ ಬಂಡೆಯೇ ಕಮಾನಾಗಿ ಬಾಗಿ ನಿಂತಿದೆ. ಒಳಗೆ ಹೋದಂತೆ ಸಂದು ಕಿರಿದಾಗುತ್ತ, ಕಡೆಗೆ ಒಬ್ಬರು ಮೈ ಅಡ್ಡ ಮಾಡಿ ನುಸುಳುವಷ್ಟೇ ಉಳಿಯುತ್ತದೆ; ಕತ್ತಲು, ಬಾವಲಿಯ ವಾಸನೆ, ಕೊನೆಗೆ ಒಂದು ಚಿಕ್ಕ ಲಿಂಗ. ಅಲ್ಲಿ ಜೊತೆಗಾರರಿಗೆ ಜಾಗವಿಲ್ಲ, ಕೂರಲೂ ಜಾಗವಿಲ್ಲ. ಮುಟ್ಟಿ ಹಿಂದಕ್ಕೆ ಸರಿದು ಮುಂದಿನವರಿಗೆ ದಾರಿ ಬಿಡಬೇಕು.

ಹೋಗುವುದೇ ದೊಡ್ಡದಾದರೆ ಎಲ್ಲಿಗೆ ಹೋದರೇನು, ಪರ್ವತವೇ ಯಾಕೆ? ಈ ಪ್ರಶ್ನೆಗೆ ತರ್ಕಕ್ಕಿಂತ ನಡೆಯುವವರ ಮಾತೇ ಉತ್ತರ ಕೊಡುತ್ತದೆ. ಕನ್ನಡದ ಯಾತ್ರಿಗಳಿಗೆ ಭ್ರಮರಾಂಬೆ ತಮ್ಮ ಮನೆಮಗಳು; ಹಬ್ಬಕ್ಕೆ ಅವಳಿಗೆ ಸೀರೆ, ಅರಿಸಿನ ಕುಂಕುಮ ಒಯ್ಯುತ್ತಾರೆ. ಹಾಗಾಗಿ ಮಲ್ಲಯ್ಯ ಅಳಿಯ. ನಲ್ಲಮಲದ ಕಾಡಿನಲ್ಲಿ ಜೇನು ಬಿಡಿಸಿ ಬದುಕಿದ ಚೆಂಚರ ಕತೆಯಲ್ಲಿ ಅವನು ಚೆಂಚುಮಲ್ಲಯ್ಯ, ಅವರ ಹುಡುಗಿಯನ್ನು ಮದುವೆಯಾಗಿ ಅವರಿಗೂ ಅಳಿಯನಾದವನು. ಎರಡು ಜನಕ್ಕೆ ಒಬ್ಬನೇ ಅಳಿಯ. ಯಾರೂ ಅವನ ಒಡೆಯರಲ್ಲ. ಅಳಿಯನ ಮನೆಗೆ ಹೋಗಿಬರಬಹುದು, ಅಲ್ಲೇ ಠಿಕಾಣಿ ಹೂಡಿದರೆ ಮರ್ಯಾದೆ ಉಳಿಯುವುದಿಲ್ಲ. ಮಗಳ ಊರಿಗೆ ಬದಲಾಗಿ ಇನ್ನೊಂದು ಊರಿಗೆ ಹೋಗಿಬಂದರೆ ಹೋದಂತೆಯೂ ಆಗುವುದಿಲ್ಲ. ದಾರಿ ದೊಡ್ಡದಾಗುವುದು ಕೊನೆಯಲ್ಲಿ ನಮ್ಮವರೊಬ್ಬರು ಕಾಯುತ್ತಿದ್ದಾರೆಂಬ ನಂಬಿಕೆಯಿಂದ. ಇಲ್ಲಿಯ ಧೂಳಿದರ್ಶನದ ಪದ್ಧತಿಯೂ ಅದನ್ನೇ ಹೇಳುತ್ತದೆ: ಸ್ನಾನಕ್ಕೆ ಮುಂಚೆ, ದಾರಿಯ ಧೂಳು ಮೆತ್ತಿದ ಮೈಯಲ್ಲೇ ಬಂದವರು ಜಾತಿಯ ಹಂಗಿಲ್ಲದೆ ಲಿಂಗವನ್ನು ಕೈಯಾರೆ ಮುಟ್ಟಬಹುದು. ನೂರು ಕಡೆ ಮಡಿ ಕೇಳುವ ದೇವರಿಗೆ ಇಲ್ಲಿ ನಡೆದು ಬಂದ ಕೊಳೆಯೇ ಮಡಿ. (ಈಚೆಗೆ ಸ್ಪರ್ಶದರ್ಶನಕ್ಕೆ ಟಿಕೆಟ್ಟು, ಹೊತ್ತು ಗೊತ್ತು ಎಲ್ಲ ಬಂದಿವೆ, ಒಡೆತನ ಯಾವ ಬಾಗಿಲಿಂದಾದರೂ ಒಳಗೆ ಬರುತ್ತದೆ.)

ನನ್ನ ವಾದವನ್ನೇ ಬುಡಮೇಲು ಮಾಡಬಲ್ಲ ಆಕ್ಷೇಪ ಇನ್ನೊಂದಿದೆ. ಪಾವಿತ್ರ್ಯ ಕಲ್ಲಿನಲ್ಲಿ ಅಂಟಿಕೊಂಡಿಲ್ಲವೆಂದರೆ ಯಾವ ಜಾಗವನ್ನು ಬೇಕಾದರೂ ಮುಳುಗಿಸಬಹುದೆ? ಇದು ಬರೀ ತರ್ಕದ ಪ್ರಶ್ನೆಯಲ್ಲ. 1963ರಲ್ಲಿ ನೆಹರೂ ಅಡಿಗಲ್ಲು ಹಾಕಿದ ಶ್ರೀಶೈಲ ಅಣೆಕಟ್ಟು ಈ ಕಮರಿಗೆ ಅಡ್ಡ ನಿಂತಿದೆ. ಜಲಾಶಯದ ಪೂರ್ಣ ಮಟ್ಟ 885 ಅಡಿ. ಅದು ತುಂಬುವಾಗ, 1980ರ ದಶಕದ ಶುರುವಿನಲ್ಲಿ, ನೂರರ ಸುಮಾರಿಗೆ ಹಳ್ಳಿಗಳು ಮುಳುಗಿದವು, ಲಕ್ಷದ ಸುಮಾರಿಗೆ ಜನ ಎದ್ದು ಹೋಗಬೇಕಾಯಿತು. ಮೇಲುದಂಡೆಯ ಕೂಡವೆಲ್ಲಿಯಲ್ಲಿ, ತುಂಗಭದ್ರೆ ಕೃಷ್ಣೆಗೆ ಸೇರುವಲ್ಲಿ, ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿ ಇತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಆಲಂಪುರಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು. ಸ್ಥಾವರವೇ ಲಾರಿ ಹತ್ತಿ ಜಂಗಮವಾಯಿತು. ನೋಡಿ, ಗುಡಿಯನ್ನೇ ಕದಲಿಸಬಹುದಾದರೆ ಹಳ್ಳಿ ಯಾವ ಲೆಕ್ಕ ಎಂದು ಎಂಜಿನಿಯರು ಕೇಳಬಹುದು, ವಚನಕಾರರ ಹೆಸರು ಹೇಳಿಯೇ ಕೇಳಬಹುದು. ಆದರೆ ನಡೆದದ್ದನ್ನು ಸರಿಯಾಗಿ ಗಮನಿಸಬೇಕು. ಗುಡಿಯ ಒಂದೊಂದು ಕಲ್ಲೂ ಹೊಸ ಜಾಗದಲ್ಲಿ ತನ್ನ ಹಳೆಯ ನೆರೆಯ ಪಕ್ಕದಲ್ಲೇ ಕೂತಿತು. ಜನರನ್ನು ಹಾಗೆ ಜೋಡಿಸಲಾಗಲಿಲ್ಲ. ಮನೆಗೂ ಹೊಲಕ್ಕೂ ಬೆಲೆ ಕಟ್ಟಲಾಯಿತು. ಹೊಲದ ದಾರಿಗೆ, ನೀರಿನ ದಾರಿಗೆ, ಮಗಳನ್ನು ಕೊಟ್ಟ ಪಕ್ಕದೂರಿನ ದಾರಿಗೆ ಪರಿಹಾರದ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ. ಹೀಗೇ ಊರು ಮುಳುಗಿದ ಹಳೆ ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಡೆತನವೇ ದೊಡ್ಡದೆನ್ನುವವನಿಗೆ ಪರಿಹಾರದ ಚೆಕ್ಕಿನಲ್ಲಿ ಲೆಕ್ಕ ಚುಕ್ತಾ ಆಗುತ್ತದೆ; ಹೋಗಿಬರುವುದೇ ದೊಡ್ಡದೆನ್ನುವವನಿಗೆ ಆಗುವುದಿಲ್ಲ. ಆದ್ದರಿಂದ ನನ್ನ ವಾದದಲ್ಲಿ ಜಾಗ ಹಗುರವಾಗುವುದಿಲ್ಲ, ಕಲ್ಲಿಗೆ ಜೋತುಬಿದ್ದವರ ವಾದದಲ್ಲೇ ಅದು ಹಗುರ. ಇದೇ ಕೃಷ್ಣೆಯ ಮೇಲೆ, ನಾರಾಯಣಪುರದ ಹಿನ್ನೀರಿನಲ್ಲಿ, ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಸ್ಥಳವನ್ನು ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ನಾವು ಉಳಿಸಿಕೊಂಡಿದ್ದೇವೆ. ಗುಡಿ ಒಲ್ಲೆನೆಂದವನಿಗೆ ಇಂಥ ಕಾವಲು ಎಂದು ನಗಬಹುದು. ಆದರೆ ಬಾವಿಯ ಮೆಟ್ಟಿಲಿಳಿದು ಹೋಗುವವರ ದಾರಿಯೊಂದು ಅದರಿಂದ ಉಳಿಯಿತು, ನಾನಂತೂ ನಗಲಾರೆ.

ಶ್ರೀಶೈಲದ ಅದೇ ಹಿನ್ನೀರಿನಲ್ಲಿ, ಏಳು ಹೊಳೆ ಕೂಡುತ್ತವೆಂದು ಹೇಳುವ ಸಂಗಮೇಶ್ವರದಲ್ಲಿ, ಸಾಗಿಸದೆ ಬಿಟ್ಟ ಇನ್ನೊಂದು ಗುಡಿಯಿದೆ. ಅಲ್ಲಿಯ ಲಿಂಗ ಕಲ್ಲಿನದಲ್ಲ, ಬೇವಿನ ಮರದ್ದು. ವರ್ಷದ ಹೆಚ್ಚಿನ ಭಾಗ ಅದು ನೀರೊಳಗೇ ಇರುತ್ತದೆ. ಬೇಸಿಗೆಯಲ್ಲಿ ಜಲಾಶಯ ಇಳಿದಾಗ ಮೊದಲು ಶಿಖರ, ಆಮೇಲೆ ಗೋಡೆ, ಕಡೆಗೆ ಗರ್ಭಗುಡಿ ಹೊರಬೀಳುತ್ತವೆ. ಅರ್ಚಕರು ಬಂದು ಹೂಳು ತೆಗೆದು, ಲಿಂಗ ತೊಳೆದು, ದೀಪ ಹಚ್ಚುತ್ತಾರೆ. ಸುತ್ತಲಿನವರು ಒಡೆದ ಕೆಸರಿನ ಮೇಲೆ ನಡೆದು ಬರುತ್ತಾರೆ. ಮುಂಗಾರಿನಲ್ಲಿ ಮೇಲಿನ ಅಣೆಕಟ್ಟುಗಳಿಂದ ನೀರು ಬಂದು ಗುಡಿಯ ಮೆಟ್ಟಿಲು ಮುಟ್ಟಿದಾಗ ಕೊನೆಯ ಮಂಗಳಾರತಿ ಆಗುತ್ತದೆ. ಶಿಖರ ಮುಳುಗುವ ಹೊತ್ತಿಗೆ ಪೂಜೆಗೆ ದೋಣಿ ಬೇಕಾಗುತ್ತದೆ.