ಲಾಗ್ ಪುಸ್ತಕ ಮತ್ತು ಸಾಕ್ಷಿ: ರೇಡಿಯೊ ಸ್ಪರ್ಧೆಯಲ್ಲಿ ಪ್ರಾಮಾಣ್ಯದ ಪ್ರಶ್ನೆ

ಒಂದು ಅರಿವು ನಿಜವೆಂಬುದು ಆ ಅರಿವಿನೊಡನೆಯೇ ತಿಳಿಯುತ್ತದೆಯೋ, ಅಥವಾ ಬೇರೊಂದು ಆಧಾರದಿಂದ ಆಮೇಲೆ ತಿಳಿಯಬೇಕಾಗುತ್ತದೆಯೋ ಎಂಬುದು ಭಾರತೀಯ ದರ್ಶನಗಳು ಶತಮಾನಗಳ ಕಾಲ ಬಿಡದೆ ಚರ್ಚಿಸಿದ ಪ್ರಶ್ನೆ. ಮೊದಲನೆಯ ನಿಲುವನ್ನು ಸ್ವತಃ ಪ್ರಾಮಾಣ್ಯವಾದವೆಂದೂ ಎರಡನೆಯದನ್ನು ಪರತಃ ಪ್ರಾಮಾಣ್ಯವಾದವೆಂದೂ ಕರೆಯುತ್ತಾರೆ. ಮೀಮಾಂಸಕರೂ ವೇದಾಂತಿಗಳೂ ಮೊದಲನೆಯದನ್ನು ಹಿಡಿದರೆ ನೈಯಾಯಿಕರು ಎರಡನೆಯದನ್ನು ಹಿಡಿದರು. ಕಲಬುರಗಿ ಜಿಲ್ಲೆಯ ತೆಂಗಳಿಯ ಸುತ್ತಲಿನ ಸೀಮೆಗೆ ಈ ಚರ್ಚೆ ಹೊರಗಿನದಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿ ಹೆಸರಾದ, ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ಮಾಧ್ವ ಯತಿ ಅಕ್ಷೋಭ್ಯತೀರ್ಥರ ಬೃಂದಾವನವಿರುವ ಕ್ಷೇತ್ರವೂ ಹೌದು. ಅವರ ಶಿಷ್ಯರಾದ, 14ನೆಯ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’, ‘ನ್ಯಾಯಸುಧಾ’ ಗ್ರಂಥಗಳಲ್ಲಿ ಅರಿವಿನ ಪ್ರಾಮಾಣ್ಯವನ್ನು ಕುರಿತ ದ್ವೈತ ಸಿದ್ಧಾಂತಕ್ಕೆ ಬಿಗಿಯಾದ ರೂಪ ಕೊಟ್ಟವರು. ಈ ಹಳೆಯ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಹವ್ಯಾಸಿ ರೇಡಿಯೊದವರು ವಾರಾಂತ್ಯದಲ್ಲಿ ನಡೆಸುವ ವಿಎಚ್‌ಎಫ್ ಸ್ಪರ್ಧೆಯು, ಮೇಲ್ನೋಟಕ್ಕೆ ದೂರದ್ದೆನಿಸಿದರೂ, ತಕ್ಕ ಕಣವಾಗಿದೆ.

ಹವ್ಯಾಸಿ ರೇಡಿಯೊ ಎಂದರೆ, ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ಸ್ವಂತ ಪ್ರೇಷಕಗಳಿಂದ ಪರಸ್ಪರ ಮಾತನಾಡುತ್ತ ತರಂಗಗಳ ವರ್ತನೆಯನ್ನು ಅಭ್ಯಾಸ ಮಾಡುವ ಪದ್ಧತಿ. ಇವರಿಗೆ ಹ್ಯಾಮ್‌ಗಳೆಂಬ ಹೆಸರೂ ಉಂಟು. ಪ್ರತಿ ಕೇಂದ್ರಕ್ಕೂ ಕಾಲ್‌ಸೈನ್ ಎಂಬ ಗುರುತಿನ ಅಕ್ಷರಮಾಲೆ ಇರುತ್ತದೆ. ಭಾರತದಲ್ಲಿ ಅದು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಆರಂಭವಾಗುತ್ತದೆ. ವಿಎಚ್‌ಎಫ್ ಎಂಬುದು 30ರಿಂದ 300 ಮೆಗಾಹರ್ಟ್ಸ್‌ವರೆಗಿನ ಅತ್ಯುಚ್ಚ ಆವರ್ತನದ ಪಟ್ಟಿ. ಅದರಲ್ಲಿ ಇಲ್ಲಿನ ಹವ್ಯಾಸಿಗಳು ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್‌ನ, ತರಂಗದ ಉದ್ದ ಸುಮಾರು 2 ಮೀಟರ್ ಇರುವ ಭಾಗವನ್ನು. ಶಾರ್ಟ್‌ವೇವ್ ತರಂಗಗಳು ಅಯಾನುಗೋಳದಿಂದ ಮರಳಿ ಖಂಡಗಳನ್ನೇ ದಾಟಿದರೆ, ಇವು ಬಹುಮಟ್ಟಿಗೆ ನೇರ ದಾರಿ ಹಿಡಿಯುವುದರಿಂದ, 10 ಮೀಟರ್ ಎತ್ತರದ ಆಂಟೆನಾಕ್ಕೆ ರೇಡಿಯೊ ದಿಗಂತ ಸುಮಾರು 13 ಕಿಲೋಮೀಟರಿಗೇ ಮುಗಿಯುತ್ತದೆ. ಅದರಾಚೆಗೆ ಮಾತು ಮುಟ್ಟಬೇಕಾದರೆ ಎತ್ತರದ ಜಾಗ, ಒಂದೇ ದಿಕ್ಕಿಗೆ ಶಕ್ತಿಯನ್ನು ಕೂಡಿಸಿ ಕಳಿಸುವ ಯಾಗಿ ಆಂಟೆನಾ ಮತ್ತು ಹವೆಯ ಅನುಕೂಲ ಬೇಕು. ನೆಲಕ್ಕಂಟಿದ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಹಾಸಿಕೊಂಡಾಗ ತರಂಗಗಳು ಕೆಳಕ್ಕೆ ಬಾಗಿ ನೂರಾರು ಕಿಲೋಮೀಟರ್ ಸಾಗಬಲ್ಲವು. ನಿರ್ಮಲವಾದ ಚಳಿಗಾಲದ ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ, ಗಾಳಿ ಬೀಸದಿದ್ದರೆ, ಬಯಲುಸೀಮೆಯಲ್ಲಿ ಇಂಥ ಸ್ಥಿತಿ ಒದಗಬಹುದು.

ಸ್ಪರ್ಧೆಯ ನಿಯಮ ಸರಳವಾದದ್ದು. ನಿಗದಿಯಾದ ಶನಿವಾರ, ಭಾನುವಾರಗಳಲ್ಲಿ ಆದಷ್ಟು ಹೆಚ್ಚು ಕೇಂದ್ರಗಳೊಡನೆ ಸಂಪರ್ಕ ಸಾಧಿಸಬೇಕು. ಪ್ರತಿ ಸಂಪರ್ಕದಲ್ಲಿ ಇಬ್ಬರೂ ಕಾಲ್‌ಸೈನನ್ನೂ, ದನಿ ಎಷ್ಟು ಚೆನ್ನಾಗಿ ಕೇಳಿತೆಂಬ ವರದಿಯನ್ನೂ, ತಾವಿರುವ ಚೌಕದ ಗುರುತನ್ನೂ ವಿನಿಮಯ ಮಾಡಿಕೊಂಡು ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಚೌಕವೆಂದರೆ, 1980ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ ನಡೆದ ಸಭೆಯಿಂದ ಹೆಸರು ಪಡೆದ ವ್ಯವಸ್ಥೆಯಲ್ಲಿ, ಭೂಮಿಯನ್ನು ಅಕ್ಷಾಂಶದಲ್ಲಿ 1 ಡಿಗ್ರಿ, ರೇಖಾಂಶದಲ್ಲಿ 2 ಡಿಗ್ರಿ ಅಳತೆಯ ತುಂಡುಗಳಾಗಿ ವಿಂಗಡಿಸಿ, ಎರಡು ಅಕ್ಷರ ಎರಡು ಅಂಕಿಗಳಿಂದ ಸೂಚಿಸುವ ಕ್ರಮ. ತೆಂಗಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳೆಲ್ಲ ಎಂಕೆ87 ಎಂಬ ಒಂದೇ ಚೌಕದಲ್ಲಿವೆ; ಮಳಖೇಡವೂ ಬೀದರ್, ಬಸವಕಲ್ಯಾಣಗಳೂ ಅದರೊಳಗೇ ಬರುತ್ತವೆ. ಮೂಡಲಿಗಿರುವ ಹೈದರಾಬಾದ್ ಎಂಕೆ97, ಪಡುವಲಿಗಿರುವ ಸೊಲ್ಲಾಪುರ ಎಂಕೆ77, ದೂರ ದಕ್ಷಿಣದ ಬೆಂಗಳೂರು ಎಂಕೆ82. ಕೆಲವು ಸ್ಪರ್ಧೆಗಳು ದಾಟಿದ ಒಂದೊಂದು ಕಿಲೋಮೀಟರಿಗೆ ಒಂದೊಂದು ಅಂಕ ಕೊಟ್ಟರೆ, ಇನ್ನು ಕೆಲವು ಮುಟ್ಟಿದ ಚೌಕಗಳ ಸಂಖ್ಯೆಯಿಂದ ಅಂಕಗಳನ್ನು ಗುಣಿಸುತ್ತವೆ.

ತೆಂಗಳಿಯ ಆಸುಪಾಸಿನ ದಿಬ್ಬವೊಂದರ ಮೇಲೆ ಅಂಥ ಕೇಂದ್ರವನ್ನು ಕಲ್ಪಿಸಿಕೊಂಡರೆ ತತ್ತ್ವದ ಪ್ರಶ್ನೆ ಎಲ್ಲಿ ಹುಟ್ಟುತ್ತದೆಂಬುದು ಗೋಚರಿಸುತ್ತದೆ. ಸುತ್ತ ತೊಗರಿ ಹೊಲಗಳು, ಮುಂಜಾವದ ಹೊತ್ತು. ಆಂಟೆನಾ ಮೂಡಲಿಗೆ ತಿರುಗಿದೆ. ಕಿವಿಗವುಸಿನಲ್ಲಿ ಒಂದೇ ಸಮನೆ ಭೋರಿಡುವ ಸದ್ದಿನೊಳಗಿಂದ ಒಂದು ದನಿ ಏಳುತ್ತದೆ, ಮುಳುಗುತ್ತದೆ, ಮತ್ತೆ ಏಳುತ್ತದೆ. ಕಾಲ್‌ಸೈನ್ ಸಿಕ್ಕಿತು, ಅಕ್ಷರಗಳನ್ನು ಬಿಡಿಸಿ ಹೇಳುವ ಸಂಕೇತಪದಗಳಲ್ಲಿ ‘ಮೈಕ್, ಕಿಲೋ’ ಎಂದದ್ದೂ ಸ್ಪಷ್ಟವಾಯಿತು, ಮುಂದಿನ ಅಂಕಿ ಸದ್ದಿನಲ್ಲಿ ಅಳಿಸಿಹೋಗಿ, ಕೊನೆಯ ‘ಸೆವೆನ್’ ಮಾತ್ರ ಉಳಿಯಿತು. ಅಳಿಸಿಹೋದದ್ದು 9 ಆದರೆ ಮಾತಾಡಿದವರು ಹೈದರಾಬಾದಿನ ಕಡೆಯವರು, 8 ಆದರೆ ಬೀದರಿನವರಿರಬಹುದು, 7 ಆದರೆ ಸೊಲ್ಲಾಪುರದವರು. ಆಂಟೆನಾ ಮೂಡಲಿಗಿರುವುದರಿಂದ 9 ಇರಬೇಕೆಂದು ನಿರ್ವಾಹಕರ ಮನಸ್ಸು ತಟ್ಟನೆ ಊಹಿಸುತ್ತದೆ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಅನುಮಾನ, ಅಂದರೆ ಹೇತುವೆಂಬ ಕುರುಹಿನಿಂದ, ಸಾಧಿಸಬೇಕಾದ ಸಂಗತಿಯಾದ ಸಾಧ್ಯವನ್ನು ತಲುಪುವ ಅರಿವು. ಆದರೆ ಯಾಗಿಯ ಪಕ್ಕದಿಂದಲೂ ಹಿಂಬದಿಯಿಂದಲೂ ಅಷ್ಟಿಷ್ಟು ಸಂಕೇತ ನುಸುಳುವುದರಿಂದ ಈ ಹೇತು ಸವ್ಯಭಿಚಾರ, ಅಂದರೆ ಸಾಧ್ಯವಿಲ್ಲದೆಡೆಯಲ್ಲೂ ಕಾಣಿಸಿಕೊಳ್ಳುವಂಥದು. ಅನುಭವವುಳ್ಳ ನಿರ್ವಾಹಕರು ಊಹೆಯನ್ನು ಬರೆಯದೆ ‘ಚೌಕ ಮತ್ತೊಮ್ಮೆ’ ಎಂದು ಕೇಳುತ್ತಾರೆ, ಬಂದ ಉತ್ತರವನ್ನು ತಿರುಗಿ ಹೇಳಿ ಹೌದೆನ್ನಿಸಿಕೊಳ್ಳುತ್ತಾರೆ, ಆಮೇಲೆ ಬರೆಯುತ್ತಾರೆ.

ಈ ಕೆಲವೇ ಕ್ಷಣಗಳ ವ್ಯವಹಾರದಲ್ಲಿ ಜಯತೀರ್ಥರ ಪರಂಪರೆ ಗುರುತಿಸಿದ ಅಂಶಗಳೆಲ್ಲ ಬಂದುಹೋಗುತ್ತವೆ. ದ್ವೈತ ಸಿದ್ಧಾಂತದ ಪ್ರಕಾರ ಯಥಾರ್ಥವಾದ ಅರಿವೇ ಕೇವಲಪ್ರಮಾಣ. ಅದನ್ನು ಹುಟ್ಟಿಸುವ ಪ್ರತ್ಯಕ್ಷ, ಅನುಮಾನ, ಆಗಮಗಳು ಅನುಪ್ರಮಾಣಗಳು. ಅರಿವು ಹುಟ್ಟಿದಾಗ ಅದನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವುದು ಸಾಕ್ಷಿ. ಸಾಕ್ಷಿಯೆಂದರೆ ಮನಸ್ಸಿಗಿಂತ ಬೇರೆಯಾದ, ಜೀವಸ್ವರೂಪವೇ ಆದ ಇಂದ್ರಿಯ. ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪುವುದಿಲ್ಲ. ಸಂಶಯ ತಲೆದೋರಿದಾಗ ಪರೀಕ್ಷೆ ನಡೆಯಬೇಕು, ಸಂಶಯ ಕಳೆದಲ್ಲಿ ಪರೀಕ್ಷೆ ನಿಲ್ಲಬೇಕು. ಪ್ರತಿಯೊಂದು ಅರಿವಿಗೂ ಇನ್ನೊಂದು ಅರಿವು ಜಾಮೀನು ನಿಲ್ಲಬೇಕೆಂದರೆ ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗಿ, ಅನವಸ್ಥೆ ಎಂಬ ಕೊನೆಯಿಲ್ಲದ ಸರಪಳಿಯ ದೋಷ ಬರುತ್ತದೆ. ರೇಡಿಯೊ ನಿರ್ವಾಹಕರು ಒಮ್ಮೆ, ಬೇಕಾದರೆ ಎರಡು ಸಲ ಕೇಳಿ ಅಲ್ಲಿಗೆ ನಿಲ್ಲಿಸುವುದು ಇದೇ ಕಾರಣಕ್ಕೆ. ಹೌದೆಂಬ ಉತ್ತರವೂ ಸರಿಯಾಗಿ ಕೇಳಿಸಿತೇ ಎಂದು ಮತ್ತೆ ಮತ್ತೆ ಕೇಳುತ್ತ ಹೋದರೆ ವಾರಾಂತ್ಯ ಮುಗಿದರೂ ಒಂದು ಸಂಪರ್ಕ ಪೂರೈಸುವುದಿಲ್ಲ.

ನೈಯಾಯಿಕರ ಆಕ್ಷೇಪ ಇಲ್ಲಿಗೆ ಅಡಗುವುದಿಲ್ಲ. ಅವರ ಮತದಲ್ಲಿ ಕಂಡದ್ದು ನೀರೆಂಬುದು ಅಲ್ಲಿಗೆ ಹೋಗಿ ಕುಡಿದಾಗ ಬಾಯಾರಿಕೆ ತಣಿಯುವುದರಿಂದ, ಅಂದರೆ ಪ್ರವೃತ್ತಿ ಸಫಲವಾಗುವುದರಿಂದ ಸಿದ್ಧವಾಗುತ್ತದೆ. ಸ್ಪರ್ಧೆಯ ಏರ್ಪಾಡು ಅವರ ಪರವಾಗಿಯೇ ಇದ್ದಂತೆ ತೋರುತ್ತದೆ. ಸ್ಪರ್ಧೆ ಮುಗಿದ ಮೇಲೆ ಎಲ್ಲರ ಲಾಗ್‌ಗಳೂ ಸಂಘಟಕರ ಕೈಸೇರಿ, ಒಬ್ಬರು ಬರೆದದ್ದು ಇನ್ನೊಬ್ಬರು ಬರೆದದ್ದಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡಲಾಗುತ್ತದೆ. ಒಂದು ಅಕ್ಷರ ತಪ್ಪಿದರೂ ಆ ಸಂಪರ್ಕದ ಅಂಕ ಹೋಗಬಹುದು. ಸಂಶಯವೇ ಇಲ್ಲದೆ ಬರೆದ ನಮೂದುಗಳೂ ಹೀಗೆ ರದ್ದಾಗುವುದುಂಟು. ಆಗ ನಿರ್ವಾಹಕರಲ್ಲಿ ಇದ್ದ ನಿಶ್ಚಯ ಸಾಕ್ಷಿಯದಲ್ಲ, ಮನಸ್ಸಿನದು ಎಂದು ದ್ವೈತಿಗಳು ಸಮಾಧಾನ ಹೇಳಬಹುದು. ಎರಡರ ಅಂತರ ತಪ್ಪು ಬಯಲಾದ ಮೇಲೆಯೇ ತಿಳಿಯುವುದಾದರೆ ಸಾಕ್ಷಿಯನ್ನು ಒಪ್ಪಿ ಪ್ರಯೋಜನವೇನು ಎಂದು ನೈಯಾಯಿಕರು ಮರುಪ್ರಶ್ನೆ ಹಾಕುತ್ತಾರೆ. ಈ ಮರುಪ್ರಶ್ನೆ ಹಗುರವಾದದ್ದಲ್ಲ. ಪರೀಕ್ಷೆಯ ಶಿಸ್ತಿಲ್ಲದ ಸಾಕ್ಷಿವಾದವು ಬರಿಯ ಆತ್ಮವಿಶ್ವಾಸಕ್ಕೆ ಶಾಸ್ತ್ರದ ಹೆಸರು ಕೊಟ್ಟಂತಾಗುತ್ತದೆ ಎಂಬುದನ್ನು ಅದು ನೆನಪಿಸುತ್ತದೆ.

ಆದರೆ ತಾಳೆ ನೋಡುವ ಈ ಕ್ರಮ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಗಮನಿಸಿದರೆ ವಾದದ ತಕ್ಕಡಿ ಮತ್ತೆ ವಾಲುತ್ತದೆ. ಲಾಗ್‌ನಲ್ಲಿ ಬರೆದ ಸಂಪರ್ಕವನ್ನು ಸಂಘಟಕರು ತೆಗೆದುಹಾಕಬಲ್ಲರು. ಬರೆಯದ ಸಂಪರ್ಕವನ್ನು ಸೇರಿಸಲಾರರು. ಮುಂಜಾವದಲ್ಲಿ ಒಬ್ಬರ ದನಿಯನ್ನು ಇನ್ನೊಬ್ಬರು ಕೇಳಿದ ಘಟನೆ ಆಗಲೇ ಪೂರ್ತಿಯಾಗಿದ್ದು, ವಾರಗಳ ನಂತರದ ಹೋಲಿಕೆಯಿಂದ ಅದು ಹೊಸದಾಗಿ ನಿಜವಾಗುವುದಿಲ್ಲ; ಹೋಲಿಕೆಯಿಂದ ತಿಳಿಯುವುದು ಎಲ್ಲಿ ತಪ್ಪಾಯಿತೆಂಬುದು ಮಾತ್ರ. ಪ್ರಾಮಾಣ್ಯ ಸ್ವತಃ, ಅಪ್ರಾಮಾಣ್ಯ ಪರತಃ ಎಂಬ ದ್ವೈತಿಗಳ ನಿಲುವು, ಅಂದರೆ ಅರಿವಿನ ನಿಜ ಒಳಗಿನಿಂದ ಗೊತ್ತಾಗುತ್ತದೆ, ಅದರ ತಪ್ಪು ಹೊರಗಿನ ಕಾರಣದಿಂದ ಗೊತ್ತಾಗುತ್ತದೆ ಎಂಬುದು, ಈ ವ್ಯವಸ್ಥೆಗೆ ಬಹುಮಟ್ಟಿಗೆ ಒಪ್ಪುತ್ತದೆ.

ಸಂವಾದ ಮಾತ್ರದಿಂದ, ಅಂದರೆ ಎರಡು ಅರಿವುಗಳ ಹೊಂದಾಣಿಕೆಯಿಂದ ಮಾತ್ರ, ನಿಜ ಸಿದ್ಧಿಸುವುದಿಲ್ಲವೆಂಬುದಕ್ಕೆ ಸ್ಪರ್ಧಿಗಳ ರೂಢಿಯೊಂದೇ ನಿದರ್ಶನ. ದನಿಯ ವರದಿಯಲ್ಲಿ ಮೊದಲ ಅಂಕಿ ಮಾತಿನ ಸ್ಪಷ್ಟತೆಯನ್ನು 1ರಿಂದ 5ರವರೆಗೆ, ಎರಡನೆಯದು ಸಂಕೇತದ ಬಲವನ್ನು 1ರಿಂದ 9ರವರೆಗೆ ಅಳೆಯುತ್ತದೆ. ಆದ್ದರಿಂದ 59 ಎಂಬುದು ಅತ್ಯುತ್ತಮ ವರದಿ. ಅವಸರದಲ್ಲಿರುವ ಸ್ಪರ್ಧಿಗಳು, ಎದುರಿನ ದನಿ ಸದ್ದಿನಲ್ಲಿ ಮುಳುಗೇಳುತ್ತಿದ್ದರೂ, ವಾಡಿಕೆಯಂತೆ 59 ಎಂದೇ ಹೇಳಿಬಿಡುತ್ತಾರೆ, ಎದುರಿನವರೂ 59 ಎಂದೇ ಮರಳಿಸುತ್ತಾರೆ. ಎರಡೂ ಲಾಗ್‌ಗಳು ತಾಳೆಯಾಗುತ್ತವೆ, ಎರಡೂ ಸುಳ್ಳು. ಚೌಕದ ಗುರುತು ಇದಕ್ಕೆ ವ್ಯತಿರಿಕ್ತವಾಗಿ ಮೊದಲೇ ಗೊತ್ತಿಲ್ಲದ ಸಂಗತಿಯಾದ್ದರಿಂದ ಅದನ್ನು ನಿಜವಾಗಿ ಕೇಳಿಸಿಕೊಳ್ಳಲೇಬೇಕು. ಮಾತಿನ ಪ್ರಾಮಾಣ್ಯಕ್ಕೆ ಆಪ್ತನ, ಅಂದರೆ ಇದ್ದದ್ದನ್ನು ಅರಿತು ಇದ್ದಂತೆಯೇ ಹೇಳುವವನ, ಅವಶ್ಯಕತೆಯಿದೆಯೆಂದು ಶಾಸ್ತ್ರಗಳು ಹೇಳುವುದು ಇಂಥ ಕಡೆಯಲ್ಲಿ. ಅಪೌರುಷೇಯವೆಂದು, ಅಂದರೆ ಯಾರೂ ರಚಿಸದ್ದೆಂದು, ಒಪ್ಪಿದ ವೇದದ ವಿಷಯದಲ್ಲಿ ಮೀಮಾಂಸಕರಿಗೂ ದ್ವೈತಿಗಳಿಗೂ ಆಪ್ತನ ಪ್ರಶ್ನೆ ಏಳುವುದಿಲ್ಲ. ರೇಡಿಯೊದಲ್ಲಿ ಬರುವ ಮಾತು ಮಾತ್ರ ಪೂರ್ಣವಾಗಿ ಪೌರುಷೇಯ, ಆದ್ದರಿಂದ ಈ ಹೋಲಿಕೆಯನ್ನು ಅಪೌರುಷೇಯ ಆಗಮದವರೆಗೆ ಎಳೆಯಲಾಗದು.

ಇಲ್ಲಿಂದ ಪ್ರಶ್ನೆ ಜ್ಞಾನದಿಂದ ನಡತೆಗೆ ಹೊರಳುತ್ತದೆ. ಪರಿಚಿತ ಕೇಂದ್ರವೊಂದು ಕರೆದಾಗ ಅದರ ಚೌಕ ನಿರ್ವಾಹಕರಿಗೆ ಮೊದಲೇ ನೆನಪಿದ್ದು, ಅಂಕಿ ಕೇಳಿಸದಿದ್ದರೂ ಬರೆದುಬಿಟ್ಟರೆ, ನಮೂದು ಸರಿಯಾಗಿಯೇ ಇರುತ್ತದೆ, ಯಾವ ತಾಳೆಯಲ್ಲೂ ಸಿಕ್ಕಿಬೀಳುವುದಿಲ್ಲ. ದ್ವೈತ ಸಿದ್ಧಾಂತವು ಸ್ಮೃತಿಯನ್ನೂ ಪ್ರಮಾಣವೆಂದು ಒಪ್ಪುವುದರಿಂದ ಆ ಅರಿವು ಸುಳ್ಳೆನ್ನುವಂತಿಲ್ಲ. ಆದರೂ ಸ್ಪರ್ಧೆಯ ಧರ್ಮದ ಪ್ರಕಾರ ಅದು ಸಲ್ಲದು, ಏಕೆಂದರೆ ಗಾಳಿಯಲ್ಲಿ ಬಂದದ್ದನ್ನಷ್ಟೇ ಬರೆಯುವುದು ಅದರ ಒಪ್ಪಂದ. ಇಂಥದೇ ನಿದರ್ಶನವಾಗಿ, ಎಂಕೆ87 ಚೌಕಕ್ಕೇ ಸೇರಿದ ಕಲ್ಯಾಣದ (ಇಂದಿನ ಬಸವಕಲ್ಯಾಣದ) ಶರಣರಲ್ಲಿ, ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಡದಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರಲು ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ; ಮಾರಯ್ಯನು ತಂದದ್ದು ಕದ್ದದ್ದಲ್ಲ, ಆದರೆ ಆ ದಿನದ ಕಾಯಕಕ್ಕೆ ಸಂದದ್ದೂ ಅಲ್ಲ. ಯಾರ ಕಣ್ಣಿಗೂ ಬೀಳದ ಆ ಹೆಚ್ಚಳವನ್ನು ತೂಗಿದ್ದು ಸಂತೆಯ ತಕ್ಕಡಿಯಲ್ಲ, ಲಕ್ಕಮ್ಮನ ವಿವೇಕ.

ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯು ಹವ್ಯಾಸಿ ಸೇವೆಯನ್ನು ವಿವರಿಸುವಾಗ ಅದರ ಉದ್ದೇಶಗಳಲ್ಲಿ ಸ್ವಶಿಕ್ಷಣವನ್ನು ಮೊದಲು ಹೇಳಿ, ಹಣದ ಲಾಭವನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಗೆದ್ದವರಿಗೆ ಪ್ರಶಸ್ತಿಪತ್ರವೋ ಫಲಕವೋ ದೊರೆಯಬಹುದಷ್ಟೆ. ಆದ್ದರಿಂದ ಅಂಕವೇ ಗುರಿಯೆಂದು ಭಾವಿಸಿ ಆಡುವವರಿಗೆ ಈ ವಾರಾಂತ್ಯದಲ್ಲಿ ದಕ್ಕುವುದು ಅಲ್ಪ. ಕಲಿಯುವ ಸಂಗತಿ ಆಂಟೆನಾದ ಅಳತೆಯಷ್ಟೇ ಅಲ್ಲ. ಸಂಶಯ ನಿಜವಾಗಿ ಕಳೆಯಿತೋ, ಅವಸರಕ್ಕೆ ಸುಮ್ಮನಾಯಿತೋ ಎಂಬುದನ್ನು ತನ್ನೊಳಗೇ ಬೇರ್ಪಡಿಸಿ ನೋಡುವ ಅಭ್ಯಾಸ. ನೈಯಾಯಿಕರು ಕೇಳಿದ ಮರುಪ್ರಶ್ನೆಗೆ ಸಿಗುವ ಉತ್ತರವೂ ಈ ಅಭ್ಯಾಸದಲ್ಲೇ ಇದೆ: ಮನಸ್ಸಿನ ನಿಶ್ಚಯಕ್ಕೂ ಸಾಕ್ಷಿಯ ನಿಶ್ಚಯಕ್ಕೂ ಇರುವ ಅಂತರ ವ್ಯಾಖ್ಯಾನದಿಂದ ಸ್ಪಷ್ಟವಾಗುವಂಥದಲ್ಲ, ಮತ್ತೆ ಮತ್ತೆ ಪರೀಕ್ಷಿಸಿದವರಿಗೆ ಕ್ರಮೇಣ ಹದವಾಗಿ ಸಿಗುವಂಥದು. ಹೊರಗಿನ ತಾಳೆ ಆ ಹದವನ್ನು ತಿದ್ದುತ್ತದೆ, ಆದ್ದರಿಂದ ಅದು ಬೇಕು. ಆದರೆ ಅದಕ್ಕೆ ಎಟುಕದ ಸುಳ್ಳುಗಳೂ ಇರುವುದರಿಂದ, ಲಾಗ್ ಪುಸ್ತಕದ ಒಂದೊಂದು ಸಾಲಿಗೂ ಕೊನೆಯ ಹೊಣೆ ಅದನ್ನು ಬರೆದವರದೇ.