ಎರಡನೆಯ ಸಲದ ಬೆಲೆ

"ಅವಕಾಶ ಎಲ್ಲರಿಗೂ ಇದೆ, ಬಳಸಿಕೊಳ್ಳುವ ಛಲ ಬೇಕು ಅಷ್ಟೆ." ಕಾಲೇಜಿನ ಯಾವ ಸಮಾರಂಭವೇ ಇರಲಿ, ವೇದಿಕೆ ಹತ್ತಿದ ಅತಿಥಿಗಳು ಈ ಮಾತು ಹೇಳದೆ ಕೆಳಗಿಳಿಯುವುದಿಲ್ಲ. ಅರ್ಥಶಾಸ್ತ್ರ ಓದುತ್ತಿರುವ ನನಗೆ ಅದು ಪೂರಾ ಸುಳ್ಳು ಎನಿಸಿಲ್ಲ. ಛಲವಿಲ್ಲದವರಿಗೆ ಯಾವ ಅವಕಾಶವೂ ದಕ್ಕದು, ಒಪ್ಪಿದೆ. ಆದರೆ ಛಲವಿದ್ದೂ ಒಮ್ಮೆ ಎಡವಿದವರ ಗತಿಯೇನು? ಆ ಬಗ್ಗೆ ವೇದಿಕೆಯ ಮೇಲೆ ಯಾರೂ ಬಾಯಿಬಿಡುವುದಿಲ್ಲ. ಉಳ್ಳವರ ಮಕ್ಕಳಿಗೂ ಇಲ್ಲದವರ ಮಕ್ಕಳಿಗೂ ಇರುವ ಅಂತರ ಮೊದಲನೆಯ ಸಲಕ್ಕಿಂತ ಎರಡನೆಯ ಸಲದಲ್ಲೇ ಢಾಳಾಗಿ ಕಾಣುತ್ತದೆ ಎಂಬುದು ನನ್ನ ವಾದ. ಒಬ್ಬ ವಿದ್ಯಾರ್ಥಿ ಸೋತು ಮತ್ತೆ ಪ್ರಯತ್ನಿಸಲು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನು ನೋಡಿದರೆ ಸಾಕು, ಆ ಸಮಾಜದಲ್ಲಿ ಅವಕಾಶ ಹೇಗೆ ಹಂಚಿಕೆಯಾಗಿದೆ ಎಂಬುದು ತಿಳಿಯುತ್ತದೆ.

ಬೆಂಗಳೂರಿನ ಬೆನ್ಸನ್ ಟೌನಿನವರಾದ ನಾವು ಈ ಅಂತರವನ್ನು ನೋಡಲು ದೂರ ಹೋಗಬೇಕಿಲ್ಲ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಊರಿದಾಗ ಸೈನ್ಯದ ಹಿಂದೆಯೇ ಅಡುಗೆಯವರು, ದರ್ಜಿಗಳು, ಕುದುರೆ ನೋಡಿಕೊಳ್ಳುವವರು, ಕೂಲಿಯವರು ಬಂದರು. ಅವರಲ್ಲಿ ಬಹಳಷ್ಟು ಜನ ತಮಿಳು ಸೀಮೆಯವರು. ಬಂಗಲೆ ಇದ್ದಲ್ಲಿ ಕೆಲಸದವರೂ ಇರಲೇಬೇಕಲ್ಲ. 1949ರಲ್ಲಿ ದಂಡು ಮತ್ತು ಪೇಟೆ ಎರಡೂ ಒಂದೇ ನಗರಪಾಲಿಕೆಯಾದವು, ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್‌ಗಳಾದವು. ಹೊಂದಿಕೊಂಡೇ ಇರುವ ಚಿನ್ನಪ್ಪ ಗಾರ್ಡನ್, ಎಸ್.ಕೆ. ಗಾರ್ಡನ್ನಿನ ಒತ್ತೊತ್ತಾದ ಮನೆಗಳಿಂದ ಬೆಳಗ್ಗೆ ಹೊರಟು ಈ ಅಪಾರ್ಟ್‌ಮೆಂಟ್‌ಗಳಿಗೆ ಕೆಲಸಕ್ಕೆ ಬರುವವರು ಇಂದಿಗೂ ಇದ್ದಾರೆ. ಎರಡೂ ಕಡೆಯ ಮಕ್ಕಳು ಮಿಲ್ಲರ್ಸ್ ರಸ್ತೆಯಲ್ಲೇ ಓಡಾಡುತ್ತಾರೆ, ದಂಡು ರೈಲು ನಿಲ್ದಾಣದ ಸದ್ದನ್ನೇ ಕೇಳುತ್ತಾರೆ, ಪಿಯುಸಿಯಲ್ಲಿ ಒಂದೇ ಸಿಲಬಸ್ ಓದುತ್ತಾರೆ.

ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಇಬ್ಬರೂ ವಿಜ್ಞಾನ ತೆಗೆದುಕೊಂಡು ನೀಟ್ ಬರೆದರು. ಅಂಕ ಒಂದೇ ಬಂತು, ಮೆಡಿಕಲ್ ಸೀಟಿಗೆ ಇಬ್ಬರಿಗೂ ಸಾಲಲಿಲ್ಲ. ಅಪಾರ್ಟ್‌ಮೆಂಟಿನವನು ಮತ್ತೊಮ್ಮೆ ನೀಟ್ ಬರೆಯುವವರಿಗಾಗಿ ನಡೆಯುವ ಲಾಂಗ್ ಟರ್ಮ್ ಕೋಚಿಂಗ್ ಸೇರಿದ. ಲಕ್ಷ ದಾಟುವ ಶುಲ್ಕ, ಹಾಸ್ಟೆಲ್, ವಾರವಾರ ಟೆಸ್ಟು. ಪಕ್ಕದ ಬೀದಿಯವನು ಅಪ್ಪನ ಆಟೋದ ಕಂತು ಕಟ್ಟಲು ಡೆಲಿವರಿ ಕೆಲಸಕ್ಕೆ ಹೋದ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಸೇರಿಕೊಂಡ. ಮರುವರ್ಷ ಮೊದಲನೆಯವನ ಅಂಕ ಏರಿತು, ಸೀಟು ಸಿಕ್ಕಿತು. ಹತ್ತು ವರ್ಷ ಕಳೆದ ಮೇಲೆ ಒಬ್ಬನನ್ನು ಪ್ರತಿಭಾವಂತ ಎನ್ನುತ್ತೇವೆ, ಇನ್ನೊಬ್ಬನಿಗೆ ಓದು ಹತ್ತಲಿಲ್ಲ ಎನ್ನುತ್ತೇವೆ. ಪರೀಕ್ಷೆ ಇಬ್ಬರಿಗೂ ಕೊಟ್ಟ ತೀರ್ಪು ಒಂದೇ ಆಗಿತ್ತು ಎಂಬುದು ಆಗ ಯಾರಿಗೂ ನೆನಪಿರುವುದಿಲ್ಲ. ಹುಡುಗನ ಜಾಗದಲ್ಲಿ ಹುಡುಗಿಯನ್ನಿಟ್ಟು ನೋಡಿದರೆ ಲೆಕ್ಕ ಇನ್ನೂ ಕಠೋರವಾಗುತ್ತದೆ. ಒಂದು ವರ್ಷ ಮನೆಯಲ್ಲಿ ಕೂತಳು ಎಂದರೆ ನೆಂಟರ ಬಾಯಲ್ಲಿ ಮೊದಲು ಬರುವುದು ಮದುವೆಯ ಮಾತು.

ನಮ್ಮ ಪಠ್ಯಪುಸ್ತಕ ಹೀಗೆ ಕಳೆಯುವ ಒಂದು ವರ್ಷದ ಬೆಲೆಯನ್ನು ಅವಕಾಶ ವೆಚ್ಚ ಎಂಬ ತಲೆಬರಹದಡಿ ಎರಡು ಪುಟದಲ್ಲಿ ಮುಗಿಸುತ್ತದೆ. ಓದಲು ಕೂತ ವರ್ಷ ದುಡಿದಿದ್ದರೆ ಎಷ್ಟು ಬರುತ್ತಿತ್ತೋ ಅದೇ ಆ ವರ್ಷದ ವೆಚ್ಚ. ಲೆಕ್ಕವೇನೋ ಸರಿ. ಪುಸ್ತಕದ ಪ್ರಕಾರ ನಮ್ಮ ಇಬ್ಬರು ಹುಡುಗರ ಅವಕಾಶ ವೆಚ್ಚ ಹೆಚ್ಚುಕಡಿಮೆ ಒಂದೇ, ಏಕೆಂದರೆ ಪಿಯುಸಿ ಮುಗಿಸಿದವನಿಗೆ ಪೇಟೆಯಲ್ಲಿ ಸಿಗುವ ಕೂಲಿ ಒಂದೇ. ಆದರೆ ಒಬ್ಬನ ಮನೆಯಲ್ಲಿ ಆ ದುಡ್ಡು ಬಂದರೂ ಬಾರದಿದ್ದರೂ ಯಾರೂ ಗಮನಿಸುವುದಿಲ್ಲ, ಇನ್ನೊಬ್ಬನ ಮನೆಯಲ್ಲಿ ಅದೇ ಬಾಡಿಗೆ. ಮನೆಯಿಂದ ಮನೆಗೆ ತೂಕ ಬದಲಾಗುವ ರೂಪಾಯಿಯನ್ನು ಒಂದೇ ಎಂದು ಬರೆದುಕೊಳ್ಳುವ ಶಾಸ್ತ್ರಕ್ಕೆ ಬಡತನದ ನಿಜವಾದ ಪೆಟ್ಟು ಎಲ್ಲಿ ಬೀಳುತ್ತದೆಂದು ಕಾಣುವುದು ಕಷ್ಟ. ವಿದ್ಯಾರ್ಥಿಯ ಪಾಲಿಗೆ ದುಡ್ಡಿನ ಮುಖ್ಯ ಕೆಲಸ ಕಾಲವನ್ನು ಕೊಳ್ಳುವುದು.

ಕರ್ನಾಟಕದಲ್ಲಿ ದುಡ್ಡು ಮತ್ತು ಓದಿನ ಮಾತೆತ್ತಿದರೆ ಎಲ್ಲರಿಗೂ ನೆನಪಾಗುವುದು ಡೊನೇಷನ್. ಅದಕ್ಕೆ ಕಾರಣವೂ ಇದೆ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ರಾಜ್ಯ 1984ರಲ್ಲೇ ಕಾಯ್ದೆ ತಂದಿತು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದಾಗ ಹೊರರಾಜ್ಯದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ 60,000 ಕೇಳಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1992ರಲ್ಲಿ ನ್ಯಾಯಾಲಯ ಶಿಕ್ಷಣವೂ ಬದುಕುವ ಹಕ್ಕಿನ ಭಾಗವೆಂದಿತು. ಮರುವರ್ಷ ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ವಿಂಗಡಣೆ ಬಂತು, 1994ರಿಂದ ಸಿಇಟಿ. ಇಷ್ಟೆಲ್ಲ ಹೋರಾಟ ನಡೆದದ್ದು ಸೀಟನ್ನು ಕೊಳ್ಳುವ ದುಡ್ಡಿನ ವಿರುದ್ಧ. ಅದು ಕಣ್ಣಿಗೆ ಕಾಣುವ ದುಡ್ಡು, ರಸೀದಿ ಇಲ್ಲದಿದ್ದರೂ ಕೈಯಿಂದ ಕೈಗೆ ಹೋಗುವ ದುಡ್ಡು. ಕಾಲವನ್ನು ಕೊಳ್ಳುವ ದುಡ್ಡಿಗೆ ಅಂಥ ಕಳಂಕವಿಲ್ಲ. ಮಗನಿಗೆ ಡೊನೇಷನ್ ಕೊಟ್ಟ ಅಪ್ಪ ಅದನ್ನು ಮುಚ್ಚಿಡುತ್ತಾನೆ, ಲಾಂಗ್ ಟರ್ಮಿಗೆ ಕಟ್ಟಿದ ಅಪ್ಪ ಮಗನ ಹಟವನ್ನು ಹೊಗಳುತ್ತಾನೆ. ಪರೀಕ್ಷೆ ಪ್ರಾಮಾಣಿಕವಾದಷ್ಟೂ ಪರೀಕ್ಷೆಯ ಹಿಂದಿನ ಕಾಲದ ಬೆಲೆ ಏರುತ್ತದೆ. ಸಿಇಟಿ ಬಂದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡದ್ದು ತಪ್ಪು.

ಮೊದಲನೆಯ ಸಲವೂ ಎಲ್ಲರಿಗೂ ದಕ್ಕಿಲ್ಲ ಎಂಬ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಶೇ. 25 ಸೀಟು ಕೊಡಬೇಕಿತ್ತು. 2014ರ ಸುಪ್ರೀಂ ಕೋರ್ಟ್ ತೀರ್ಪು ಅಲ್ಪಸಂಖ್ಯಾತ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿತು. ದಂಡು ಪ್ರದೇಶದ ಹೆಸರುವಾಸಿ ಶಾಲೆಗಳಲ್ಲಿ ಹಲವು ಅಂಥವೇ. ಮುಂದೆ 2019ರಲ್ಲಿ ರಾಜ್ಯ ಸರ್ಕಾರವೇ ನಿಯಮ ಬದಲಿಸಿ, ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಿಲ್ಲ ಎಂದಿತು. ನಗರದಲ್ಲಿ ಆ ಬಾಗಿಲು ಬಹುಪಾಲು ಮುಚ್ಚಿದಂತೆಯೇ ಆಯಿತು. ಆದರೂ ನನ್ನ ಗಮನ ಎರಡನೆಯ ಸಲದ ಮೇಲಿರುವುದಕ್ಕೆ ಕಾರಣವಿದೆ. ಮೊದಲನೆಯದಕ್ಕೆ ಕಾಯ್ದೆಯಾದರೂ ಇದೆ, ಜಗಳವಾದರೂ ನಡೆಯುತ್ತಿದೆ. ಎರಡನೆಯದನ್ನು ಹಕ್ಕೆಂದು ಯಾರೂ ಎಣಿಸಿಯೇ ಇಲ್ಲ.

ಕಷ್ಟಪಟ್ಟು ಮೇಲೆ ಬಂದವರ ಕಥೆಗಳನ್ನು ನನ್ನ ಮುಂದಿಡುವವರಿದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಮ್ಮ ಮೇಷ್ಟರುಗಳಿಗೆ ಈ ನಡಿಗೆ ಬಹಳ ಪ್ರಿಯ. ನಡೆದು ಬಂದ ಹುಡುಗನಿಗೆ ಇಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಇದ್ದ ಆಸರೆಯೂ ಸಿಕ್ಕಿತು ಎಂಬ ಭಾಗವನ್ನು ಅವರು ಬೇಗ ದಾಟಿಬಿಡುತ್ತಾರೆ. ಬೆಂಗಳೂರಿನ ತುಂಬ ಆಗ ಅಂಥ ವ್ಯವಸ್ಥೆಗಳಿದ್ದವು. ವಾರಾನ್ನ ಉಂಡು ಓದಿದವರು ಎಷ್ಟು ಜನ! ದಿನಕ್ಕೊಂದು ಮನೆಯ ಊಟ, ಮಲಗಲು ಛತ್ರದ ಜಗುಲಿ. ಅದರಲ್ಲಿ ಜಾತಿಯ ಕಟ್ಟುಪಾಡು ಇತ್ತು, ವಾರಾನ್ನ ಎಲ್ಲ ಮಕ್ಕಳಿಗೂ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಆ ಕೊರತೆಗೆ ಉತ್ತರವಾಗಿಯೇ ಸಮುದಾಯದ ಹಾಸ್ಟೆಲುಗಳು ಹುಟ್ಟಿದವು, ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ ಹಾಕಿದವು. ದಲಿತ ಹುಡುಗರಿಗಾಗಿ ಇದ್ದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಓದಿದ ಸಿದ್ಧಲಿಂಗಯ್ಯನವರು ಕನ್ನಡದ ದೊಡ್ಡ ಕವಿಯಾದರು. ಅವರ ಆತ್ಮಕಥೆ 'ಊರು ಕೇರಿ' ಓದಿದವರಿಗೆ ಹಾಸ್ಟೆಲ್ ಎಂದರೆ ಹೊಟ್ಟೆ ತುಂಬಿಸುವ ಜಾಗ ಮಾತ್ರವಲ್ಲ ಎಂಬುದು ಗೊತ್ತು. ಜಗಳಾಡಲು, ಭಾಷಣ ಮಾಡಲು, ತಪ್ಪು ಮಾಡಿ ತಿದ್ದಿಕೊಳ್ಳಲು ಅಲ್ಲಿ ವರ್ಷಗಟ್ಟಲೆ ಸಮಯವಿತ್ತು. ಛಲದ ಕಥೆಗಳಲ್ಲೆಲ್ಲ ಹುಡುಕಿದರೆ ಯಾರೋ ಕೊಟ್ಟ ಸಮಯ ಸಿಕ್ಕೇ ಸಿಗುತ್ತದೆ.

ನನ್ನ ವಾದಕ್ಕೆ ಎದುರಾಗುವ ಆಕ್ಷೇಪಣೆ ಹೊಸದೇನಲ್ಲ. ಬಿದ್ದವರನ್ನೆಲ್ಲ ಎತ್ತುತ್ತ ಕೂತರೆ ಓದುವವರು ಯಾರು, ಬಿಟ್ಟಿ ಸಿಕ್ಕರೆ ಬೆವರು ಸುರಿಸುವವರು ಯಾರು ಎಂಬುದು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗಲೂ, ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯ ಯುವನಿಧಿ ಬಂದಾಗಲೂ ಇದೇ ಮಾತು ಕೇಳಿತು. ಆದರೆ ಇದೇ ಬೆಂಗಳೂರಿನಲ್ಲಿ, ನಮ್ಮಿಂದ ನಾಲ್ಕಾರು ಕಿಲೋಮೀಟರ್ ದೂರದ ಇಂದಿರಾನಗರದಲ್ಲಿ, ಬಿದ್ದವರನ್ನು ಎತ್ತುವ ಏರ್ಪಾಟು ಬಹಳ ಚೆನ್ನಾಗಿದೆ. ಸ್ಟಾರ್ಟ್‌ಅಪ್ ಕಟ್ಟಿ ಹೂಡಿಕೆದಾರರ ದುಡ್ಡು ಕರಗಿಸಿ ಬಾಗಿಲು ಹಾಕಿದವರನ್ನು ಅನುಭವಿಗಳೆಂದು ಕರೆದು ಮತ್ತೆ ದುಡ್ಡು ಕೊಡುತ್ತಾರೆ. ಕಾನೂನು ಕೂಡ ಅವರ ಪರವಾಗಿದೆ. ಲಿಮಿಟೆಡ್ ಕಂಪನಿ ಮುಳುಗಿದರೆ ಷೇರುದಾರ ಕಳೆದುಕೊಳ್ಳುವುದು ಹಾಕಿದ ಬಂಡವಾಳವನ್ನು, ಮನೆಯನ್ನಲ್ಲ. ಸೋಲಿಗೆ ಒಂದು ಮಿತಿ ಹಾಕದಿದ್ದರೆ ಯಾರೂ ಸಾಹಸಕ್ಕೆ ಕೈಹಾಕುವುದಿಲ್ಲ ಎಂಬ ತಿಳಿವಳಿಕೆಯ ಮೇಲೆ ಬಂಡವಾಳಶಾಹಿ ನಿಂತಿದೆ. 2016ರ ದಿವಾಳಿ ಸಂಹಿತೆಯ ಹಿಂದೆ ಇರುವುದೂ ಅದೇ ತರ್ಕ. ಈಗ ಬ್ಯಾಂಕಿಗೆ ಹೋಗಿ ಶಿಕ್ಷಣ ಸಾಲ ಕೇಳಿ ನೋಡಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಸಾಲದ ಮೊತ್ತ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು, ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಬೇಕು. ಮಗಳು ಫೇಲಾದರೆ ಸಾಲ ಮನೆಯ ಮೇಲೆಯೇ ಬರುತ್ತದೆ. ಉದ್ಯಮಿಯ ಸೋಲಿಗೆ ಮಿತಿ ಹಾಕಿದ ಸಮಾಜ ವಿದ್ಯಾರ್ಥಿಯ ಸೋಲಿಗೆ ಹಾಕಿಲ್ಲ. ಮರುಅವಕಾಶ ಜನರನ್ನು ಸೋಮಾರಿಗಳನ್ನಾಗಿ ಮಾಡುವುದೇ ನಿಜವಾದರೆ ಆ ಕಾಯಿಲೆ ಮೊದಲು ಕಾಣಿಸಬೇಕಾದದ್ದು ಉಳ್ಳವರ ಮನೆಗಳಲ್ಲಿ.

ಮರುಅವಕಾಶದ ಅಗತ್ಯ ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸುವ ಪದ್ಧತಿ ತಂದರು. ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಹೋಯಿತು, ವರ್ಷವೂ ಉಳಿಯಿತು. ಈಚಿನ ವರ್ಷಗಳಲ್ಲಿ ನಮ್ಮ ಶಿಕ್ಷಣ ಇಲಾಖೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು, ಅದಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ. ಯುಪಿಎಸ್‌ಸಿ ಸಿವಿಲ್ ಸರ್ವೀಸಸ್ ನಿಯಮಗಳಲ್ಲೂ ಈ ವಿವೇಕ ಹಿಂದಿನಿಂದ ಇದೆ. ಸಾಮಾನ್ಯ ವರ್ಗದವರಿಗೆ 6 ಸಲ, ಹಿಂದುಳಿದ ವರ್ಗದವರಿಗೆ 9 ಸಲ, ಪರಿಶಿಷ್ಟರಿಗೆ ವಯಸ್ಸು ಇರುವವರೆಗೂ. ಶತಮಾನಗಳ ಕಾಲ ಮೊದಲನೆಯ ಸಲವನ್ನೇ ಕೊಡದಿದ್ದವರಿಗೆ ಹೆಚ್ಚು ಸಲ ಕೊಡಬೇಕು ಎಂಬುದನ್ನು ಸಂಖ್ಯೆಯಲ್ಲೇ ಬರೆದಿಟ್ಟಿದ್ದಾರೆ.

ಆದರೆ ನಿಯಮ ಅನುಮತಿಸಿದ ಮಾತ್ರಕ್ಕೆ ಹೊಟ್ಟೆ ಅನುಮತಿಸುವುದಿಲ್ಲ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದು ಸುತ್ತು ಹಾಕಿ ಬಂದರೆ ನನ್ನ ವಾದದ ಇನ್ನೊಂದು ಮುಖ ಕಾಣುತ್ತದೆ. ಚಿಕ್ಕ ಕೋಣೆಗಳಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ನಾಲ್ಕೈದು ಜನ, ಮೂವತ್ತರ ಹತ್ತಿರ ಬಂದ ವಯಸ್ಸು, ಯಾವಾಗ ಬರುತ್ತದೋ ತಿಳಿಯದ ನೇಮಕಾತಿ ಅಧಿಸೂಚನೆ. ಇವರಲ್ಲಿ ಬಡವರ ಮಕ್ಕಳೂ ಇದ್ದಾರೆ, ಎರಡನೆಯದೇನು, ಐದನೆಯ ಸಲವನ್ನೂ ಬರೆಯುತ್ತಿದ್ದಾರೆ. ಅವರ ಎಷ್ಟೋ ಪ್ರಯತ್ನಗಳ ಖರ್ಚು ಹೊರುತ್ತಿರುವುದು ಊರಿನ ಹೊಲ, ಅಕ್ಕನ ಒಡವೆ, ತಮ್ಮನ ಓದು. ಹಾಗಾಗಿ ಸಲಗಳನ್ನು ಎಣಿಸುತ್ತಲೇ ಹೋಗುವುದು ನ್ಯಾಯವಾಗದು. ಮತ್ತೆ ಯತ್ನಿಸುವವನ ಖರ್ಚು ಅವನಿಗಿಂತ ದುರ್ಬಲರ ಮೇಲೆ ಬೀಳಬಾರದು, ಯತ್ನ ಬಿಟ್ಟವನಿಗೆ ಮರ್ಯಾದೆಯ ಬೇರೊಂದು ಕೆಲಸ ಇರಬೇಕು. ಈ ಎರಡೂ ಇಲ್ಲದ ಕಡೆ ಮರುಅವಕಾಶ ಯುವಕರನ್ನು ವರ್ಷಗಟ್ಟಲೆ ಕಾಯಿಸುವ ಸಾಧನವಾಗುತ್ತದೆ. ಉದ್ಯೋಗ ಸೃಷ್ಟಿಸಲಾಗದ ಸರ್ಕಾರಗಳಿಗೆ ಅದು ಅನುಕೂಲವೇ.

ಹಾಗಾದರೆ ಎಲ್ಲಿಂದ ಶುರುಮಾಡಬೇಕು? ನನ್ನನ್ನು ಕೇಳಿದರೆ ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ನಿಯಮಗಳಿಂದ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಪದ್ಧತಿ ಬಂದದ್ದು 2013ರ ಹೊತ್ತಿಗೆ. ಆ ದುಡ್ಡಿನಲ್ಲಿ ಇಂದು ಬೆಂಗಳೂರಿನಲ್ಲಿ ತಿಂಗಳ ಊಟವೂ ಆಗದು. ಮೊತ್ತದ ಮಾತು ಹಾಗಿರಲಿ. ನೆರವು ಸಾಮಾನ್ಯವಾಗಿ ಪಾಸಾಗುತ್ತ ಹೋಗುವವರಿಗೆ ಸಿಗುತ್ತದೆ, ಎಡವಿದ ವರ್ಷ ನಿಲ್ಲುತ್ತದೆ. ಅತ್ಯಂತ ಬೇಕಾದ ವರ್ಷದಲ್ಲೇ ಕೈಬಿಡುವ ನೆರವು ಅರ್ಧ ನೆರವು. ಮುಂದಿನ ಬಜೆಟ್ಟಿನ ಹೊತ್ತಿಗೆ ವಿದ್ಯಾರ್ಥಿ ಸಂಘಟನೆಗಳು ಕೇಳಬೇಕಾದದ್ದು ಇದನ್ನೇ: ಒಂದು ವರ್ಷ ಫೇಲಾದರೂ ಹಾಸ್ಟೆಲಿನ ಹಾಸಿಗೆ, ಊಟ, ವಿದ್ಯಾರ್ಥಿವೇತನ ಮತ್ತೊಂದು ವರ್ಷ ಮುಂದುವರಿಯಲಿ. ಶುಲ್ಕ ಕಡಿತದ ಬೇಡಿಕೆಯನ್ನು ಅದರ ನಂತರ ಇಡೋಣ.